ಬಿಳಿಹೊಯ್ಗೆಯ ದಾರಿ

ಪುಷ್ಯಮಾಸದ ಬೆಳಗು ಪಶ್ಚಿಮದ ಕಡಲತೀರಕ್ಕೆ ಇಳಿದುಬರುವ ರೀತಿಯೇ ಬೇರೆ! ಬೆಂಗಳೂರಿನ ತ್ಯಾಗರಾಜನಗರದಲ್ಲಿ ಅದು ತಾರಸಿಗಳ ಮೇಲಿನ ಕರಿಯ ನೀರಿನ ಟ್ಯಾಂಕುಗಳ ನಡುವಿನಿಂದ, ಹಾಲಿನವನ ಸ್ಕೂಟರಿನ ಸದ್ದಿನೊಡನೆ, ಮನೆಯವರಂತೆ ಸಲಿಗೆಯಿಂದ ಒಳಬರುತ್ತದೆ. ಕುಮಟಾದ ಆಚೆಗಿನ ಬಯಲಿನಲ್ಲಾದರೋ ಸೂರ್ಯನಿಗೆ ಮೊದಲು ಸಹ್ಯಾದ್ರಿಯನ್ನು ಏರಿ ಬರುವ ಕೆಲಸವಿದೆ. ಬಾನೆಲ್ಲ ಕೇಸರಿಯಾದ ಮೇಲೂ ನೆಲ ನೀಲಿನೆರಳಿನಲ್ಲಿಯೇ ಮಲಗಿರುತ್ತದೆ. ಗದ್ದೆಯ ಮೇಲೆ ಮಂಜು, ಹಿನ್ನೀರಿನ ಮೇಲೆ ಮಂಜು, ದೋಣಿಗಳ ಮೂತಿಯ ಮೇಲೆ ಮಂಜು... ಆಮೇಲೆ ಗಿರಿಶ್ರೇಣಿಯ ಭುಜವನ್ನು ದಾಟಿದ ಹೊಂಬೆಳಕು ಮೊದಲು ಕಡಲಿನ ದೂರದ ಅಂಚನ್ನು ಮುಟ್ಟಿ, ಅಲ್ಲಿಂದ ಅಲೆಯಿಂದಲೆಗೆ ಹೆಜ್ಜೆಯಿಡುತ್ತ ದಡದತ್ತ ಹಿಂದಿರುಗಿ ಬರುತ್ತದೆ. ಸಹೃದಯರೇ, ಬೆಳಕು ಕಡಲಿನಿಂದ ನೆಲಕ್ಕೆ ನಡೆದುಬರುವ ಆ ಗಳಿಗೆಯನ್ನು ಕಂಡವರು ಮರೆಯಲಾರರು.

ಮೈತ್ರೇಯಿ ಅದನ್ನು ಕಂಡಳು. ಸೈಕಲ್ಲನ್ನು ನಿಲ್ಲಿಸಿ, ಒಂದು ಕಾಲನ್ನು ನೆಲಕ್ಕೂರಿ, ಕತ್ತನ್ನು ಬಲಕ್ಕೂ ಎಡಕ್ಕೂ ನಿಧಾನವಾಗಿ ತಿರುಗಿಸಿ, ನೋಡಬೇಕಾದದ್ದನ್ನೆಲ್ಲ ಒಂದೇ ಸಲ ತುಂಬಿಕೊಳ್ಳುವವಳಂತೆ ನೋಡಿದಳು.

ಅವಳಿಗೆ ನಲವತ್ತೆರಡು ವರ್ಷ. ಜಯನಗರದ ಕಾಲೇಜೊಂದರಲ್ಲಿ ಗ್ರಂಥಪಾಲಕಿ. ತ್ಯಾಗರಾಜನಗರದಲ್ಲಿ ಅಣ್ಣ ಸೇತುರಾಮನ ಮನೆಯ ಮಹಡಿಯ ಮೇಲೆ ಒಬ್ಬಳೇ ಇರುವವಳು. ಮದುವೆಯ ಮಾತು ಬಂದಾಗಲೆಲ್ಲ ನಕ್ಕು ಸುಮ್ಮನಾಗುತ್ತ ಬಂದು, ಕೊನೆಗೆ ಆ ಮಾತೇ ಬಾರದಂತಾಗಿ ಹತ್ತು ವರ್ಷ ಕಳೆದಿತ್ತು. ಮೂರು ವರ್ಷಗಳ ಹಿಂದೆ ಬನಶಂಕರಿ ಮೂರನೇ ಹಂತದ ಅಂಗಡಿಯೊಂದರಲ್ಲಿ ಅವಳು ಸೈಕಲ್ಲು ಕೊಂಡಳು. ಅಂಗಡಿಯ ಯಜಮಾನ ಗುರುಸಿದ್ದ. ಇಟ್ಟಮಡುವಿನವನು, ಅವನ ತಂದೆ ರಾಗಿ, ಕನಕಾಂಬರ ಬೆಳೆಯುತ್ತಿದ್ದ ಹೊಲ ಈಗ ಮೂರು ಅಡ್ಡರಸ್ತೆಗಳಾಗಿತ್ತು. ಹೆಂಡತಿ ತೀರಿಹೋಗಿ ಒಂಬತ್ತು ವರ್ಷ, ಮಕ್ಕಳಿಲ್ಲ, ಮನೆಯಲ್ಲಿ ತಾಯಿ ಅಕ್ಕಯಮ್ಮ. ಭಾನುವಾರದ ಮುಂಜಾವುಗಳಲ್ಲಿ ಅವನು ಗಿರಾಕಿಗಳ ಒಂದು ಗುಂಪು ಕಟ್ಟಿಕೊಂಡು ತುರಹಳ್ಳಿ ಕಾಡಿನ ಕಲ್ಲುದಾರಿಗಳಿಗೆ ಹೋಗುತ್ತಿದ್ದ. ಗುಂಪು ಬರಬರುತ್ತ ಕರಗಿ, ಕೊನೆಗೆ ತಪ್ಪದೆ ಬರುವವರು ಇಬ್ಬರೇ ಉಳಿದರು...

ದೀಪಾವಳಿಯ ಮಾರನೆಯ ದಿನ ಗುರುಸಿದ್ದ ಕೇಳಿದ್ದ. ಪೀಠಿಕೆಯಿಲ್ಲದೆ, ಚೈನಿಗೆ ಎಣ್ಣೆ ಬಿಡುತ್ತ, ತಲೆಯೆತ್ತದೆ ಕೇಳಿದ್ದ. "ಮೇಡಂ, ನಮ್ಮನೆಗೆ ಬಂದ್ಬಿಡ್ತೀರಾ? ಮದ್ವೆ ಮಾಡ್ಕೊಂಡು ಅಂತ ನಾನು ಕೇಳ್ತಿರೋದು."

ಮೈತ್ರೇಯಿಯ ಎದೆಯೊಳಗೆ ಅಂದು ಹೊತ್ತಲ್ಲದ ಹೊತ್ತಿನಲ್ಲಿ ಮಳೆ ಬಂದಂತಾಗಿತ್ತು! ಆದರೂ ಸಮಾಧಾನದಿಂದಲೇ ಹೇಳಿದ್ದಳು: "ಸಂಕ್ರಾಂತಿ ಕಳೀಲಿ. ನೀವು ಹೇಳ್ತಿದ್ರಲ್ಲ, ಆ ಬಿಳಿಹೊಯ್ಗೆಗೆ ಹೋಗೋಣ. ಅಲ್ಲೇ ಹೇಳ್ತೀನಿ."

ಬಿಳಿಹೊಯ್ಗೆ ಎಂದರೆ ಗುಡ್ಡಗಳ ನಡುವೆ ಅಡಗಿರುವ ಒಂದು ಚಿಕ್ಕ ಕಡಲತೀರ. ಕಾರು ಹೋಗದು, ದೋಣಿಯಲ್ಲೋ ಕಾಲುದಾರಿಯಲ್ಲೋ ಮುಟ್ಟಬೇಕು. 'ಆಗಲಿ' ಎನ್ನುವುದಕ್ಕೇ ಅವಳು ಆ ಜಾಗವನ್ನು ಆರಿಸಿದ್ದಳು. ಆದರೆ ಹೊರಡುವ ನಾಲ್ಕು ದಿನ ಮೊದಲು, ಮಂಗಳವಾರ, ಕನ್ನಡಕ ಬದಲಿಸಲೆಂದು ಹೋದವಳಿಗೆ ಕಣ್ಣಿನ ಡಾಕ್ಟರು ಇನ್ನೊಂದು ಪರೀಕ್ಷೆ ಮಾಡಿಸಿದರು, ಮತ್ತೊಂದು ಮಾಡಿಸಿದರು. ಗ್ಲಾಕೋಮಾ. ಎಡಗಣ್ಣಿನ ನೋಟ ಅಂಚಿನಿಂದ ಒಳಕ್ಕೆ ಬಹುಪಾಲು ಮುಚ್ಚಿಹೋಗಿದೆ. ಬಲಗಣ್ಣಿನಲ್ಲಿ ಈಗಷ್ಟೇ ಶುರುವಾಗಿದೆ. ಹೋದದ್ದು ಮರಳದು. ತಪ್ಪದೆ ಹನಿ ಹಾಕಿದರೆ ಉಳಿದದ್ದು ಉಳಿಯಬಹುದು... ಉಳಿಯಬಹುದು! ಆ 'ಬಹುದು' ಎಂಬ ಪದವನ್ನು ಅವಳು ಮನೆಗೆ ಹೊತ್ತು ತಂದಳು. ಅಣ್ಣನಿಗೆ ಹೇಳಲಿಲ್ಲ. ಗುರುಸಿದ್ದನಿಗೂ ಹೇಳಬಾರದೆಂದು ನಿಶ್ಚಯಿಸಿದಳು. ಹೆಂಡತಿಯ ಕಾಯಿಲೆಯಲ್ಲಿ ಒಮ್ಮೆ ಬೆಂದುಹೋದವನ ತಲೆಗೆ ಮತ್ತೊಂದು ಶುಶ್ರೂಷೆಯನ್ನು ಕಟ್ಟುವುದು ಅನ್ಯಾಯ ಎನ್ನಿಸಿತು. ಕಾರಣ ಕೊಡದೆ 'ಇಲ್ಲ' ಎಂದುಬಿಡುವುದು, ಆದರೆ ಈ ಒಂದು ದಿನವನ್ನು ಮಾತ್ರ ತನಗಾಗಿ ಇಟ್ಟುಕೊಳ್ಳುವುದು. ಹೀಗೆಂದುಕೊಂಡು ಶನಿವಾರ ಬಸ್ಸಿನ ಡಿಕ್ಕಿಯಲ್ಲಿ ಸೈಕಲ್ಲುಗಳನ್ನು ಹಾಕಿಸಿ ಅವನೊಡನೆ ಕುಮಟಾಕ್ಕೆ ಬಂದಳು. ಲಾಡ್ಜಿನಲ್ಲಿ ಎರಡು ಕೋಣೆ ಹಿಡಿದಿದ್ದರು. ಭಾನುವಾರ ಬೆಳಗಾಗುವಾಗ ಇಬ್ಬರೂ ದಾರಿಯಲ್ಲಿದ್ದರು.

ಮೊದಲ ಹದಿನೆಂಟು ಕಿಲೋಮೀಟರು ಸುಖದ ದಾರಿ. ಗದ್ದೆಯ ಬದಿಯ ಡಾಂಬರು, ಮಲ್ಲಿಗೆಯಂತೆ ಚೆಲ್ಲಿದ ಬೆಳ್ಳಕ್ಕಿಗಳು, ಒಣಮೀನಿನ ಘಾಟು, ಹಿತ್ತಿಲುಗಳಲ್ಲಿ ಗೇರುಹೂವಿನ ನಸುಗಂಪು. ಗುರುಸಿದ್ದ ಮಾತಿನವನಲ್ಲ. ಆಗಾಗ "ಗಿಯರ್ ಇಳ್ಸಿ ಮೇಡಂ, ಮುಂದೆ ಏರು ಇದೆ" ಎನ್ನುವನು. ನೀರು ಕುಡಿದಿರಾ ಎಂದು ಕೇಳುವನು. ಅಷ್ಟರಲ್ಲಿಯೇ ಅವನ ಸಮಸ್ತ ಅನುರಾಗವೂ ಅಡಗಿದೆಯೆಂಬುದನ್ನು ಮೈತ್ರೇಯಿ ಬಲ್ಲಳು. ಅದಕ್ಕೇ ಅವನ ಒಂದೊಂದು ಸಾಮಾನ್ಯ ಮಾತೂ ಅವಳನ್ನು ಇರಿಯುತ್ತಿತ್ತು.

ಡಾಂಬರು ಮುಗಿದಲ್ಲಿ ಎಳನೀರು ಮಾರುವ ಹೆಂಗಸೊಬ್ಬಳು ಕುಳಿತಿದ್ದಳು.

"ಮುಂದೆ ರಸ್ತೆ ಇಲ್ರಾ," ಎಂದಳು ಕತ್ತಿಯನ್ನು ಒರೆಸುತ್ತ. "ಗುಡ್ಡ ಹತ್ತಿ ಇಳೀಬೇಕು. ಸೈಕಲ್ ಹೊತ್ಕಂಡು ಹೋಗ್ವದಾ?"

"ಸೈಕಲ್ಲೇ ನಮ್ಮನ್ನ ಹೊತ್ಕೊಂಡು ಹೋಗುತ್ತಕ್ಕಾ," ಎಂದ ಗುರುಸಿದ್ದ. ಮೈತ್ರೇಯಿ ಆ ದಿನ ಮೊದಲ ಬಾರಿಗೆ ಮನಬಿಚ್ಚಿ ನಕ್ಕಳು.

ಗುಡ್ಡವೇನೂ ಎತ್ತರದ್ದಲ್ಲ, ಆದರೆ ಕೆಂಪು ಮುರಕಲ್ಲಿನ ದಾರಿ, ಹರಳುಹರಳಾಗಿ ಚಕ್ರದಡಿ ಉರುಳುತ್ತಿತ್ತು. ಕೆಲವೆಡೆ ಇಳಿದು ತಳ್ಳಿದರು. ನೆತ್ತಿಯನ್ನು ಮುಟ್ಟುವಾಗ ಹನ್ನೊಂದೂವರೆ. ಕೆಳಗೆ... ಆಹಾ! ಎರಡು ಕರಿಬಂಡೆಗಳ ತೋಳುಗಳೊಳಗೆ ಅರ್ಧಚಂದ್ರಾಕೃತಿಯ ಬಿಳಿಯ ಮರಳು, ಅದರಾಚೆ ಕಣ್ಣು ಕೋರೈಸುವ ನೀಲಜಲರಾಶಿ, ಒಂದು ನರಪಿಳ್ಳೆಯೂ ಇಲ್ಲ.

"ನೀವು ಮುಂದೆ ಹೋಗಿ," ಎಂದ ಗುರುಸಿದ್ದ. "ಮೊದ್ಲು ನೀವು ನೋಡ್ಬೇಕು."

ಅವಳು ಇಳಿಯತೊಡಗಿದಳು. ದಾರಿಯ ಎಡಕ್ಕೆ ಎರಡಾಳುದ್ದದ ಇಳಿಜಾರು. ಅರ್ಧ ದಾರಿಯಲ್ಲಿ ಎಡದಿಂದ ಗೇರುಮರದ ಬೇರೊಂದು ತೊಡೆಗಾತ್ರವಾಗಿ ದಾರಿಗೆ ಚಾಚಿಕೊಂಡಿತ್ತು. ಗುರುಸಿದ್ದನಿಗೆ ಹಿಂದಿನಿಂದಲೇ ಅದು ಕಂಡಿತು. ಅವಳಿಗೆ ಕಾಣಲಿಲ್ಲ. ಮುಂದಿನ ಚಕ್ರ ತಡೆದು ನಿಂತಿತು, ಸೈಕಲ್ಲು ಮಗುಚಿತು, ಆಕಾಶವೂ ಕಡಲೂ ಒಂದಾಗಿ ತಿರುಗಿದವು.

"ಮೈತ್ರೇಯೀ!"

ಅವನು ಅವಳ ಹೆಸರನ್ನು ಕೂಗಿದ್ದು ಅದೇ ಮೊದಲು. ಪುಣ್ಯಕ್ಕೆ ಅವಳು ಬಲಕ್ಕೆ, ದಾರಿಯ ಮೇಲೆಯೇ ಬಿದ್ದಿದ್ದಳು. ಮೊಣಕೈ ತರಚಿ ರಕ್ತ ಜಿನುಗುತ್ತಿತ್ತು, ಮಂಡಿ ಉಬ್ಬಿತ್ತು, ಮೂಳೆಗೆ ಪೆಟ್ಟಾಗಿರಲಿಲ್ಲ. ಅವನು ಬಾಟಲಿಯ ನೀರಿನಿಂದ ಗಾಯ ತೊಳೆದು, ಬ್ಯಾಂಡೇಜು ಸುತ್ತಿ, ಬೆರಳುಗಳನ್ನೆಲ್ಲ ಮಡಿಸಿ ಬಿಡಿಸಿ ನೋಡಿದ. ಆಮೇಲೆ ಅವಳ ಸೈಕಲ್ಲನ್ನು ತಲೆಕೆಳಗಾಗಿ ನಿಲ್ಲಿಸಿ, ಸ್ಪ್ಯಾನರು ತೆಗೆದು ಬ್ರೇಕನ್ನು ಬಿಚ್ಚತೊಡಗಿದ.

"ಶುಕ್ರವಾರ ನಾನೇ ಕಟ್ಟಿದ್ದು ಇದು," ಎಂದ. "ಎಲ್ಲೋ ಲೂಸ್ ಬಿಟ್ಟಿದೀನಿ. ನನ್ನ ತಪ್ಪೇ."

ಬ್ರೇಕಿನಲ್ಲಿ ಏನೂ ಇರಲಿಲ್ಲ. ಅವನು ಬಿಚ್ಚಿ ನೋಡಿದ, ಮತ್ತೆ ಕಟ್ಟಿ ನೋಡಿದ, ಮತ್ತೆ ಬಿಚ್ಚಿದ. ಇಲ್ಲದ ದೋಷವನ್ನು ತನ್ನ ಕೈಗಳಲ್ಲಿ ಹುಡುಕುತ್ತಿದ್ದ ಆ ಮನುಷ್ಯನನ್ನು ನೋಡುತ್ತ ನೋಡುತ್ತ ಮೈತ್ರೇಯಿಯ ನಿಶ್ಚಯ ಕರಗಿಹೋಯಿತು. ಇನ್ನು ಬಾಯಿಮುಚ್ಚಿಕೊಂಡಿದ್ದರೆ ಅವನು ಬಾಳಿಡೀ ಈ ತಪ್ಪನ್ನು ಹೊತ್ತಿರುತ್ತಾನೆ!

"ಬ್ರೇಕು ಸರಿಯಾಗಿದೆ ಗುರುಸಿದ್ದ ಅವರೇ. ಬೇರು ನನಗೆ ಕಾಣಲಿಲ್ಲ. ಆ ಕಡೆ ನನಗೆ ಏನೂ ಕಾಣೋದಿಲ್ಲ."

ಎಲ್ಲವನ್ನೂ ಹೇಳಿದಳು, ಮಂಗಳವಾರದಿಂದ ಹಿಡಿದು, ಕಾರಣವಿಲ್ಲದೆ ಹೇಳಬೇಕೆಂದಿದ್ದ 'ಇಲ್ಲ'ದವರೆಗೆ. ಅವನು ಸ್ಪ್ಯಾನರನ್ನು ಹಿಡಿದುಕೊಂಡೇ ಕೇಳಿದ. ಸಾಂತ್ವನದ ಮಾತನ್ನು ಆಡಲಿಲ್ಲ. ಅವನ ಮುಖ ಕೆಂಪಗಾಯಿತು.

"ಹೇಳ್ದೇನೇ ಬೆಟ್ಟ ಇಳಿದ್ರಲ್ಲ ಮೇಡಂ... ಎಡಗಡೆ ಹಳ್ಳ ಇತ್ತು. ನಾನೇ ಮುಂದೆ ಹೋಗಿ ಅಂದೆ. ನೀವು ಆ ಕಡೆ ಬಿದ್ದಿದ್ರೆ?"

ಉಳಿದ ಇಳಿಜಾರನ್ನು ಇಬ್ಬರೂ ಸೈಕಲ್ಲು ತಳ್ಳಿಕೊಂಡು ಇಳಿದರು. ಮರಳಿಗೆ ಬಂದೊಡನೆ ಗುರುಸಿದ್ದ ಬೂಟು ಕಳಚಿ ನೀರಿನಂಚಿಗೆ ನಡೆದು, ಬೆನ್ನು ತಿರುಗಿಸಿ ನಿಂತುಬಿಟ್ಟ. ಮೈತ್ರೇಯಿ ಬಂಡೆಯೊಂದರ ನೆರಳಿನಲ್ಲಿ ಕುಳಿತಳು. ಅಲೆಗಳು ಬಂದವು, ಹೋದವು. ಮೂರು ತಿಂಗಳು ಹಂಬಲಿಸಿದ್ದ ಜಾಗಕ್ಕೆ ಬಂದು, ಇಬ್ಬರು ಹೀಗೆ ಮೂವತ್ತು ಹೆಜ್ಜೆಗಳ ಅಂತರದಲ್ಲಿ ಒಂಟಿಯಾದರು! ಅವಳು ಮನಸ್ಸಿನಲ್ಲಿಯೇ ಮರಳುವ ದಾರಿಯ ಲೆಕ್ಕ ಹಾಕಿದಳು: ತಳ್ಳಿಕೊಂಡು ಏರಿದರೆ ಮೂರಕ್ಕೆ ಡಾಂಬರು, ಆರಕ್ಕೆ ಕುಮಟಾ. ಆಮೇಲೆ ಬೇರೆ ಬೇರೆ.

ಕಾಲುಗಂಟೆ ಕಳೆದಿರಬೇಕು. ಗುರುಸಿದ್ದ ಹಿಂದಿರುಗಿ ಬಂದು ಅವಳ ಮುಂದೆ ನಿಂತ.

"ಎಷ್ಟು ಕಾಣಲ್ಲ?"

"ಡಾಕ್ಟರು ಒಂದು ಚಿತ್ರ ಕೊಟ್ಟಿದಾರೆ. ಕಪ್ಪು, ಬೂದು..."

"ಆ ಚಿತ್ರ ನನಗೆ ಅರ್ಥ ಆಗಲ್ಲ. ಇಲ್ಲೇ ತೋರ್ಸಿ. ಆ ಬಂಡೆ ತುದೀನೇ ನೋಡ್ತಾ ಇರಿ, ಕಣ್ಣು ಅಲ್ಲಾಡಿಸ್ಬೇಡಿ."

ಅವಳು ದೂರದ ಬಂಡೆಯ ತುದಿಯಲ್ಲಿ ದೃಷ್ಟಿಯಿಟ್ಟು ಕುಳಿತಳು. ಅವನು ಐದು ಹೆಜ್ಜೆ ದೂರದಲ್ಲಿ, ಕೈಯೆತ್ತಿಕೊಂಡು, ಅವಳ ಬೆನ್ನ ಹಿಂದಿನಿಂದ ಬಲಗಡೆಗೆ ನಿಧಾನವಾಗಿ ಸುತ್ತಿ ಬಂದ.

"ಈಗ?"

"ಇಲ್ಲ... ಹಾಂ, ಈಗ ಕಂಡಿತು."

ಅಲ್ಲಿ ಹಿಮ್ಮಡಿಯಿಂದ ಮರಳಿನಲ್ಲಿ ಗೆರೆಯೆಳೆದ. ಎದುರಿಗೆ ಬಂದ, ಕಾಣುತ್ತಿದ್ದ. ಎಡಕ್ಕೆ ನಾಲ್ಕು ಹೆಜ್ಜೆ ಇಟ್ಟಿದ್ದನಷ್ಟೇ.

"ಈಗ?"

"ಹೋಯ್ತು."

ನಂಬಲಾರದವನಂತೆ ಅವನು ಹಿಂದಕ್ಕೂ ಮುಂದಕ್ಕೂ ಮೂರು ಸಲ ನಡೆದು ನೋಡಿ, ಅಲ್ಲೊಂದು ಗೆರೆಯೆಳೆದ. ಎರಡೂ ಗೆರೆಗಳನ್ನು ಅವಳು ಕುಳಿತಲ್ಲಿಗೆ ತಂದು ಕೂಡಿಸಿದ. ಬೀಸಣಿಗೆಯೊಂದರ ಆಕಾರ, ಒಂದು ಪಕ್ಕ ಮುರಿದ ಬೀಸಣಿಗೆ! ತನ್ನ ತಂದೆಯ ಹೊಲವನ್ನು ಹಿಂದೊಮ್ಮೆ ಅಳೆದವರ ಹಾಗೆ ಅವನು ಅದರ ಅಂಚಿನುದ್ದಕ್ಕೂ ಹೆಜ್ಜೆಯಿಟ್ಟು ನಡೆದ. ಆಮೇಲೆ ಎಡಗೆರೆಯ ಆಚೆಗೆ, ಅವಳ ಕತ್ತಲೆಯ ಪಕ್ಕಕ್ಕೆ ಹೋಗಿ ಕುಳಿತ.

"ಇಲ್ಲಿ ಕೂತ್ರೆ ಕಾಣ್ತೀನಾ?"

"ಇಲ್ಲ."

"ಮಾತು ಕೇಳ್ಸುತ್ತಾ?"

"ಕೇಳ್ಸುತ್ತೆ."

ಅಲೆಯೊಂದು ಒಡೆದು ನೊರೆಯಾಗಿ ಹಿಂದೆ ಸರಿಯಿತು.

"ಪೂರ್ತಿ ಹೋದ್ರೆ?" ಎಂದಳು ಮೈತ್ರೇಯಿ, ಬಂಡೆಯ ತುದಿಯನ್ನೇ ನೋಡುತ್ತ.

"ಗೊತ್ತಿಲ್ಲ. ಸುಳ್ಳು ಹೇಳಲ್ಲ, ನನಗೂ ಭಯ ಆಗ್ತಿದೆ. ನೀರಿನ ಹತ್ರ ನಿಂತು ಅದನ್ನೇ ಯೋಚ್ನೆ ಮಾಡ್ದೆ." ಅವನ ಧ್ವನಿ ಶಾಂತವಾಗಿತ್ತು. "ಆದ್ರೆ ಒಂದು ಕೇಳ್ತೀನಿ. ನೀವು ಇಲ್ಲ ಅನ್ನೋದಾದ್ರೆ, ನಾನು ಇಷ್ಟ ಇಲ್ಲ ಅಂತ ಹೇಳಿ. ಸುಮ್ನೆ ಎದ್ದು ಹೋಗ್ತೀನಿ, ಸೈಕಲ್ ರಿಪೇರಿ ಮಾತ್ರ ನನ್ನ ಹತ್ರಾನೇ ಮಾಡಿಸ್ಕೊಳ್ಳಿ. ನನಗೆ ಕಷ್ಟ ಆಗುತ್ತೆ ಅಂತ ಮಾತ್ರ ಹೇಳ್ಬೇಡಿ. ನನ್ನ ಕಷ್ಟ ನಾನು ನೋಡ್ಕೊಳ್ತೀನಿ."

ಐದು ದಿನಗಳಿಂದ ಅವಳು ಕಟ್ಟಿಕೊಂಡಿದ್ದ ತ್ಯಾಗದ ಗೋಡೆಯನ್ನು ಅವನು ಇಷ್ಟು ಸರಳವಾಗಿ ಬೀಳಿಸಿದ್ದ. ಅವನಿಗಾಗಿ ಎಂದುಕೊಂಡಿದ್ದಳಲ್ಲ, ಅವನನ್ನು ಒಂದು ಮಾತೂ ಕೇಳದೆ! ಕಣ್ಣಿನಿಂದ ನೀರು ಇಳಿಯಿತು. ಎಡಗಣ್ಣಿನಿಂದಲೂ, ಬಲಗಣ್ಣಿನಿಂದಲೂ, ಒಂದೇ ಸಮನಾಗಿ.

"ಇಷ್ಟ ಇಲ್ಲ ಅಂತ ಹೇಳೋಕೆ ನನಗೆ ಬರಲ್ಲ," ಎಂದಳು.

"ಹಾಗಾದ್ರೆ?"

ಅವಳು ಪೂರ್ತಿಯಾಗಿ ಎಡಕ್ಕೆ ತಿರುಗಿ, ಅವನನ್ನು ಕಣ್ತುಂಬ ನೋಡಿದಳು.

"ಹಾಗಾದ್ರೆ... ಬರ್ತೀನಿ, ಇಟ್ಟಮಡುವಿಗೆ."

ಗುರುಸಿದ್ದ ಚೀಲದಿಂದ ಚಪಾತಿ, ಚಟ್ನಿಪುಡಿಯ ಡಬ್ಬಿ ತೆಗೆದು ಅವಳ ಮುಂದಿಟ್ಟ. ಇಬ್ಬರೂ ಹಸಿದಿದ್ದರು, ಒಂದು ಚೂರೂ ಉಳಿಸದೆ ತಿಂದರು. ಎರಡು ಗಂಟೆಗೆ ಎದ್ದು ಗುಡ್ಡವನ್ನು ತಳ್ಳಿಕೊಂಡು ಏರಿ, ಇಳಿಜಾರುಗಳಲ್ಲಿ ನಡೆದು, ಡಾಂಬರು ಸಿಕ್ಕ ಮೇಲೆ ಅವನು ಅವಳ ಎಡಕ್ಕೆ ಅರ್ಧ ಚಕ್ರ ಹಿಂದೆ ಉಳಿದು, "ಕಲ್ಲು", "ಗುಂಡಿ", "ಆಕಳು ಬರ್ತಿದೆ" ಎಂದು ಹೇಳುತ್ತ ಬಂದ. ಒಮ್ಮೆ ಅವಳು, "ಆಕಳು ನನಗೂ ಕಂಡಿತು" ಎಂದು ಗದರಿದಳು. ಇನ್ನು ಎಷ್ಟು ಹೇಳಬೇಕು, ಎಷ್ಟು ಹೇಳಬಾರದು ಎಂಬುದನ್ನು ಅವನು ಕಲಿಯಬೇಕಾಗಿತ್ತು. ಅವಳೂ ಕಲಿಯಬೇಕಾಗಿತ್ತು.

ಮೇ ತಿಂಗಳಲ್ಲಿ ಬನಶಂಕರಿಯ ನೋಂದಣಿ ಕಚೇರಿಯಲ್ಲಿ ಅವರ ಮದುವೆಯಾಯಿತು. ಸೇತುರಾಮ ಸಾಕ್ಷಿ ಹಾಕಿದ, ಮೊದಮೊದಲು ಮುಖ ಬಿಗಿದುಕೊಂಡಿದ್ದರೂ. ಅಕ್ಕಯಮ್ಮ, ಹನಿ ಹಾಕುವ ಹೊತ್ತನ್ನು ತಪ್ಪಿಸದಂತೆ ಸೊಸೆಯನ್ನು ದಿನಾ ರಾತ್ರಿ ಎಂಟಕ್ಕೆ ಕೂಗುತ್ತಾಳೆ. ತುರಹಳ್ಳಿಯ ಕಲ್ಲುದಾರಿಯ ಸವಾರಿ ನಿಂತುಹೋಗಿದೆ. ಅದಕ್ಕಾಗಿ ಮೈತ್ರೇಯಿ ಇಂದಿಗೂ ಮರುಗುತ್ತಾಳೆ, ಆ ಮರುಕವನ್ನು ಯಾರೂ ತಡೆಯಲು ಹೋಗುವುದಿಲ್ಲ.

ಸಹೃದಯರೇ, ಒಬ್ಬರನ್ನೊಬ್ಬರು ಪೂರ್ಣವಾಗಿ ಕಾಣುವುದೇ ಪ್ರೀತಿಯೆಂದು ಹೃದಯ ತನ್ನ ವಸಂತದಲ್ಲಿ ನಂಬಿರುತ್ತದೆ. ಆದರೆ ಯಾರ ನೋಟಕ್ಕೆ ಅಂಚಿಲ್ಲ ಹೇಳಿ? ನಮ್ಮ ಕಣ್ಣು ಎಲ್ಲಿ ಸೋಲುತ್ತದೆಂಬುದನ್ನು ನಾಚಿಕೆಯಿಲ್ಲದೆ ಇನ್ನೊಬ್ಬರಿಗೆ ತೋರಿಸಲು ಆಗುವುದಾದರೆ, ಅವರು ಹೆದರಿದರೂ ಓಡದೆ ಅಲ್ಲಿಯೇ ಬಂದು ಕೂರುವುದಾದರೆ... ಮನುಷ್ಯರಿಗೆ ದಕ್ಕುವ ಬೆಳಕು ಬಹುಶಃ ಅಷ್ಟೇ. ಆದರೆ ಅಷ್ಟು ಬೆಳಕಿನಲ್ಲಿ ಒಂದು ಬಾಳನ್ನು ನಿಧಾನವಾಗಿ, ಕೈಹಿಡಿದು, ನಡೆದು ಮುಗಿಸಬಹುದು.