ಅರ್ಧ ಲೋಟ ಮಳೆ

ನಮ್ಮ ಮನೆಯವರಿಗೆ ಸ್ವಂತ ಊರು ಅಂತ ಇರಲಿಲ್ಲ, ಹವೆ ಇತ್ತು. ಅಪ್ಪ ಹವಾಮಾನ ಇಲಾಖೆಯ ವೀಕ್ಷಕ. ಇಲಾಖೆ ಎಲ್ಲಿಗೆ ಎತ್ತಿ ಹಾಕಿದರೆ ಅಲ್ಲಿಗೆ ನಾವು. ಅಣ್ಣ ಹುಟ್ಟಿದ್ದು ಹುಲ್ಲುಗಾವಲಿನ ಸೀಮೆಯಲ್ಲಿ. ಅಲ್ಲಿನ ಗಾಳಿಗೆ ಎಲ್ಲರೂ ಕಿರುಚಿಯೇ ಮಾತಾಡಬೇಕು, ಅವನ ಗಂಟಲು ಇವತ್ತಿಗೂ ತಗ್ಗಿಲ್ಲ. ನಾನು ಹುಟ್ಟಿದ್ದು ದಟ್ಟ ಕಾಡಿನಂಚಿನಲ್ಲಿ. ಅಲ್ಲಿ ಬೆಂಕಿಕಡ್ಡಿ ಗೀರಿದರೆ ಹತ್ತುತ್ತಿರಲಿಲ್ಲ, ಉಪ್ಪು ತಾನಾಗಿ ನೀರಾಗುತ್ತಿತ್ತು, ಮರದ ಬೀರುವಿನ ಬಾಗಿಲು ಉಬ್ಬಿ ಅಪ್ಪ ಒದ್ದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಅದೇ ಬೀರು ಮರಳುಸೀಮೆಗೆ ಬಂದ ಮೇಲೆ ಒಣಗಿ ಸೊರಗಿ, ಬೀಗ ಹಾಕಿದರೂ ಒಳಗಿನ ಸೀರೆಗಳೆಲ್ಲ ಕಾಣುವಷ್ಟು ಸಂದು ಬಿಟ್ಟಿತು.

ಮರಳುಸೀಮೆಯಲ್ಲಿ ನಾಲ್ಕು ವರ್ಷ ಇದ್ದೆವು. ಕಣ್ಣು ಮುಚ್ಚಿದರೆ ನನಗೆ ಈಗಲೂ ಬರುವುದು ಅಲ್ಲಿನ ಬೆಳಗುಗಳೇ. ತಲೆ ಬಾಚಿದರೆ ಚಟಪಟ ಅನ್ನುವ ಬಾಚಣಿಗೆ, ಬಾಗಿಲಡಿಯಿಂದ ನುಸುಳಿ ಹಾಸಿಗೆಯವರೆಗೆ ಬಂದ ನುಣ್ಣನೆಯ ಮರಳು. ಒಗೆದ ಬಟ್ಟೆಯನ್ನು ಹಗ್ಗದ ಈ ತುದಿಯಿಂದ ಹರವುತ್ತ ಆ ತುದಿ ಮುಟ್ಟುವಷ್ಟರಲ್ಲಿ ಮೊದಲು ಹಾಕಿದ್ದು ಒಣಗಿರುತ್ತಿತ್ತು. ನನಗೆ ಆ ಊರು ಪ್ರಾಣ. ಅಮ್ಮನಿಗೆ ಮಾತ್ರ ಆಗಿಬರಲಿಲ್ಲ. ಅವಳು ಕಡಲ ದಂಡೆಯವಳು, ಮಾಡಿನ ಮೇಲೆ ಮಳೆ ಹೊಡೆಯುವ ಸದ್ದು ಕೇಳುತ್ತ ಬೆಳೆದವಳು. ವರ್ಷದಿಂದ ವರ್ಷಕ್ಕೆ ಬಡವಾದಳು, ಮಾತೂ ಕಡಿಮೆಯಾಯಿತು.

ನಾಲ್ಕನೆಯ ವರ್ಷ ಕಡಲ ದಂಡೆಯ ಕೇಂದ್ರದಲ್ಲಿ ಒಂದು ಜಾಗ ಖಾಲಿಯಾಗುವುದಿತ್ತು. ಅಪ್ಪ ಅರ್ಜಿ ಹಾಕಿದ. ಹಾಕಿದವರು ಇನ್ನೂ ಮೂವರಿದ್ದರು. ಯಾರ ರಿಜಿಸ್ಟರಿನಲ್ಲಿ ಆ ವರ್ಷ ಕೆಂಪು ಶಾಯಿಯ ತಿದ್ದುಪಡಿ ಒಂದೂ ಇಲ್ಲವೋ ಅವರಿಗೇ ಜಾಗ ಎಂದು ಮುಖ್ಯ ಕಚೇರಿಯಿಂದ ಕಾಗದ ಬಂತು. ಅಪ್ಪನ ರಿಜಿಸ್ಟರಿನಲ್ಲಿ ಹನ್ನೊಂದು ತಿಂಗಳಿಂದ ಒಂದು ಚುಕ್ಕೆ ಕೆಂಪಿರಲಿಲ್ಲ. ಮಳೆಯ ಕಾಲಮ್ಮಿನಲ್ಲಿ ಸೊನ್ನೆ, ಕೆಳಗೆ ಸೊನ್ನೆ, ಅದರ ಕೆಳಗೂ ಸೊನ್ನೆ. ಅಮ್ಮ ಆಗಲೇ ನಮ್ಮ ಕಂಬಳಿಗಳನ್ನು ನೆರೆಯವರಿಗೆ ಕೊಡಲು ಶುರು ಮಾಡಿದ್ದಳು.

ಒಂದು ಸಂಜೆ ರೇಡಿಯೋದಲ್ಲಿ ಕಡಲ ದಂಡೆಗೆ ಮೊದಲ ಮಳೆ ಬಿದ್ದ ಸುದ್ದಿ ಬಂತು. ಅಮ್ಮ ಅಡುಗೆಮನೆಯಿಂದ ನೀರಿನ ಲೋಟ ಹಿಡಿದು ಅಂಗಳಕ್ಕೆ ಹೋದದ್ದನ್ನು ನಾನು ನೋಡಿದೆ. ಗಿಡಕ್ಕೆ ಇರಬೇಕು ಅಂದುಕೊಂಡೆ. ನಮ್ಮ ಅಂಗಳದಲ್ಲಿ ಗಿಡವೇ ಇರಲಿಲ್ಲ ಅನ್ನುವುದು ತಲೆಗೆ ಹೋಗಲಿಲ್ಲ.

ಬೆಳಗ್ಗೆ ಎಂಟೂವರೆಗೆ ಅಂಗಳದ ಮಳೆಮಾಪಕ ತೆರೆದ ಅಪ್ಪ ಕುಣಿಯುತ್ತ ಒಳಗೆ ಬಂದ.

"ಏಳ್ರೋ! ಐದು ಮಿಲಿಮೀಟರ್! ಐದು!"

"ನೆಲ ಒಣಗೇ ಇದೆಯಲ್ಲಪ್ಪ," ಅಂದ ಅಣ್ಣ.

"ಮರಳು ಕುಡಿದುಬಿಟ್ಟಿದೆ ಕಣೋ. ಕಣ್ಣು ಸುಳ್ಳು ಹೇಳುತ್ತೆ, ಉಪಕರಣ ಹೇಳಲ್ಲ."

ಅದು ಅವನ ವೇದವಾಕ್ಯ. ರಿಜಿಸ್ಟರಿನಲ್ಲಿ ಬರೆದು, ತಂತಿ ಕಳಿಸಿಯೂ ಬಂದ. ಅಮ್ಮ ಒಲೆಯ ಕಡೆ ಮುಖ ಮಾಡಿಕೊಂಡೇ ಇದ್ದಳು. ಮಧ್ಯಾಹ್ನ ರೇಡಿಯೋ ಮರಳುಸೀಮೆಯಲ್ಲಿ ಮಳೆ ಎಂದು ಸಾರಿತು.

ಸಂಜೆ ಕುರಿತಾತ ಬಂದ. ಕುರಿ ಕಾಯುವ ಆ ಮುದುಕನನ್ನು ನಾವೆಲ್ಲ ಕರೆಯುತ್ತಿದ್ದದ್ದೇ ಹಾಗೆ.

"ಸಾರ್, ಮಳೆ ಯಾವ ಕಡೆ ಬಿತ್ತು ಹೇಳಿ. ನಾಳೆನೇ ಮಂದೆ ಹೊಡ್ಕೊಂಡು ಹೊರಡ್ತೀನಿ. ಇಲ್ಲಿ ಮೇವು ಮುಗಿದೋಯ್ತು."

ಅಪ್ಪ ಗಾಳಿಯ ದಿಕ್ಕು ನೋಡಿ ಪಶ್ಚಿಮಕ್ಕೆ ಕೈ ತೋರಿಸಿದ. ಆ ದಾರಿಯಲ್ಲಿ ಎರಡು ದಿನ ನಡೆದರೂ ಒಂದು ಬಾವಿ ಸಿಗುವುದಿಲ್ಲ.

ಅಮ್ಮ ಹೊರಗೆ ಬಂದಳು. "ತಾತ, ಹೋಗ್ಬೇಡಿ. ಮಳೆ ಬಂದಿಲ್ಲ. ಆ ನೀರು ಹುಯ್ದಿದ್ದು ನಾನು."

ಮುದುಕ ಅವಳನ್ನೊಮ್ಮೆ, ಅಪ್ಪನನ್ನೊಮ್ಮೆ ನೋಡಿದ. "ಹುಯ್ಯೋದು ಹುಯ್ದೆ ತಾಯಿ, ಇಡೀ ಸೀಮೆಗೆ ಹುಯ್ಯಬಾರದಿತ್ತಾ," ಎಂದು ನಕ್ಕು ಹೊರಟುಹೋದ.

ಅಪ್ಪ ರಿಜಿಸ್ಟರ್ ತೆರೆದು ಆ ಐದನ್ನು ನೋಡುತ್ತ ಕೂತ. "ಯಾಕೆ ಹುಯ್ದೆ?"

"ಊರಲ್ಲಿ ಮಳೆ ಅಂತ ಕೇಳಿ ಹೊಟ್ಟೆ ಉರೀತು. ಅರ್ಧ ಲೋಟ ಹುಯ್ದೆ. ನೀವು ನೋಡಿ, ನಕ್ಕು ಚೆಲ್ತೀರ ಅಂದ್ಕೊಂಡೆ. ನೀವು ನೋಡಿದ್ರೆ ಕುಣ್ಕೊಂಡು ಬಂದ್ರಿ. ನಾಲ್ಕು ವರ್ಷದಲ್ಲಿ ನಿಮ್ಮ ಮುಖ ಹಾಗೆ ಅರಳಿದ್ದು ನೋಡಿರ್ಲಿಲ್ಲ. ಬಾಯೇ ಬರ್ಲಿಲ್ಲ ನಂಗೆ."

ಅಪ್ಪ ರಿಜಿಸ್ಟರ್ ಮುಚ್ಚಿದ. "ಇರ್ಲಿ ಬಿಡು. ಐದು ಮಿಲಿಮೀಟರ್ ತಾನೆ. ಯಾರು ಬಂದು ನೋಡ್ತಾರೆ?"

ನನಗೆ ನಂಬಲಾಗಲಿಲ್ಲ. ಪಾದರಸ ಎರಡು ಗೆರೆಗಳ ನಡುವೆ ನಿಂತರೆ ಊಟ ಬಿಟ್ಟು ಅದನ್ನೇ ದಿಟ್ಟಿಸುತ್ತ ನಿಲ್ಲುವ ಮನುಷ್ಯ ಅವನು. ಅವತ್ತು ಅವನ ಮೇಲೆ ಸಿಟ್ಟು ಬಂತು. ಅವನು ಯಾರಿಗಾಗಿ ಹಾಗೆ ಹೇಳಿದ ಎಂದು ತಿಳಿಯುವ ವಯಸ್ಸು ನನಗೆ ಆಗಿರಲಿಲ್ಲ.

"ಈ ತಾತನೇನೋ ಕೇಳೋಕೆ ಬಂದ," ಅಂದಳು ಅಮ್ಮ. "ರೇಡಿಯೋ ನಂಬಿ, ಕೇಳದೇ ಹೊರಟೋರು ಎಷ್ಟು ಜನರೋ!" ಕೆಂಪು ಶಾಯಿಯ ಕುಡಿಕೆಯನ್ನು ತಂದು ಅವನ ಮುಂದೆ ಇಟ್ಟಳು. "ಬರೀರಿ. ತಂತಿನೂ ಕಳಿಸಿ."

"ಬರೆದ್ರೆ ಕಡಲು ಹೋಯ್ತು ಕಣೇ."

"ಗೊತ್ತು. ಬರೀರಿ."

ಅಪ್ಪ ಬರೆದ: 'ಮಳೆ ಇಲ್ಲ. ವೀಕ್ಷಕನ ತಪ್ಪು.'

"ತಪ್ಪು ನಿಮ್ದಲ್ಲ, ನನ್ನದು ಅಂತ ಬರೀರಿ."

"ಇಲಾಖೆಗೆ ನೀನು ಇದ್ದೀಯ ಅಂತಾನೇ ಗೊತ್ತಿಲ್ಲ," ಅಂದು ಅಪ್ಪ ತಂತಿ ಆಫೀಸು ಮುಚ್ಚುವ ಮೊದಲು ಸೈಕಲ್ ಹತ್ತಿದ. ರಾತ್ರಿಯ ವಾರ್ತೆಯಲ್ಲಿ ನಮ್ಮ ಮಳೆಯನ್ನು ಹಿಂತೆಗೆದುಕೊಂಡರು.

ಕಡಲ ದಂಡೆಯ ಜಾಗ ಇನ್ಯಾರಿಗೋ ಹೋಯಿತು. ನಮ್ಮನ್ನು ಹಿಮದ ಬೆಟ್ಟಕ್ಕೆ ಎತ್ತಿ ಹಾಕಿದರು. ಅಮ್ಮ ನೆರೆಯವರ ಮನೆಗೆ ಹೋಗಿ, ಕೊಟ್ಟ ಕಂಬಳಿಗಳನ್ನು ವಾಪಸ್ ಕೇಳಿದಳು. ಅವಳು ಅಷ್ಟು ನಾಚಿದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ಬೆಟ್ಟದಲ್ಲಿ ಮೊದಲ ಹಿಮ ಬಿದ್ದ ಬೆಳಗ್ಗೆ ಮಾಪಕದ ಬಾಯಿಯವರೆಗೆ ಬೆಳ್ಳಗೆ ತುಂಬಿತ್ತು. ಹಿಮವನ್ನು ಹಾಗೇ ಅಳೆಯಲು ಬರುವುದಿಲ್ಲ. ಅಳತೆ ಗೊತ್ತಿರುವ ಬಿಸಿನೀರು ಹುಯ್ದು ಕರಗಿಸಬೇಕು, ಆಮೇಲೆ ಹುಯ್ದಷ್ಟನ್ನು ಕಳೆದು ಉಳಿದದ್ದನ್ನು ಮಳೆ ಎಂದು ಬರೆಯಬೇಕು. ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ.

"ಏ, ಬಾ ಇಲ್ಲಿ. ಇಲ್ಲಿ ನೀರು ಹುಯ್ಯೋದು ಸರ್ಕಾರಿ ಕೆಲಸ. ನೀನೇ ಹುಯ್ಯಿ."

ಅಮ್ಮ ಸೆರಗಿನಲ್ಲಿ ಬಿಸಿ ಪಾತ್ರೆ ಹಿಡಿದು, ಅಪ್ಪ ಅಳೆದುಕೊಟ್ಟ ನೀರನ್ನು ನಿಧಾನಕ್ಕೆ ಹುಯ್ದಳು. ಹಿಮ ಸಣ್ಣಗೆ ಸುಯ್ಯೆಂದು ಕುಸಿಯಿತು. ಅಪ್ಪ ಕಳೆದು ನೋಡಿದ. ಹನ್ನೆರಡು ಮಿಲಿಮೀಟರ್.

"ನಿನ್ನ ಕಡಲು ನಾನೇ ತಪ್ಪಿಸಿಬಿಟ್ಟೆ," ಅಂದ.

ಅಮ್ಮ ಕಣ್ಣೊರೆಸಿಕೊಂಡಳು. "ಹನ್ನೆರಡು ಅಂದ್ರಲ್ಲ, ಮೊದಲು ಬರ್ಕೊಳ್ಳಿ," ಅಂದಳು. "ಈ ಸಲ ನಿಜವಾಗ್ಲೂ ಬಂದಿದೆ."