ಎರಡೇ ನಿಮಿಷ

"ಎಷ್ಟು ನಿಮಿಷ, ಕೋಲ್ಮನ್?"

ಆ ಬೆಳಿಗ್ಗೆ ನೋರೀನ್ ಈ ಪ್ರಶ್ನೆ ಕೇಳಿದ್ದು ಮೂರನೆಯ ಸಲ. ಅಡುಗೆಮನೆಯ ಮೇಜಿನ ಮುಂದೆ ನಿಂತು ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಅಟ್ರಾಕ್ಟಾಳ ಚಾಕು ಅರ್ಧದಲ್ಲೇ ನಿಂತಿತು.

"ಹೇಳಿದ್ನಲ್ಲಮ್ಮ, ಎರಡು. ಇಳಿದ, ಮುಳುಗಿದ, ಎದ್ದ. ಎರಡೇ ನಿಮಿಷ."

"ಗಡಿಯಾರ ನೋಡಿದ್ರಾ?"

"ಎದೆಮಟ್ಟ ನೀರಲ್ಲಿ ನಡುಗ್ತಾ ನಿಂತೋನು ಗಡಿಯಾರ ನೋಡ್ತಾನೇನಮ್ಮ? ಅಂದಾಜು. ಪ್ರತಿ ವರ್ಷಾನೂ ಅಷ್ಟೇ."

ನೋರೀನ್ ತಲೆಯಾಡಿಸಿ, ಚಹಾದ ಕಪ್ಪುಗಳನ್ನಿಟ್ಟಿದ್ದ ತಟ್ಟೆ ಎತ್ತಿಕೊಂಡು ಮುಂದಿನ ಕೋಣೆಗೆ ಹೋದಳು. ಅಲ್ಲಿ ಮುಚ್ಚಳ ತೆರೆದ ಶವಪೆಟ್ಟಿಗೆಯಲ್ಲಿ ಅವಳ ತಂದೆ ಫೆಸ್ಟಸ್ ಪ್ಯಾಡನ್ ಮಲಗಿದ್ದ. ಅವನಿಗೆ ಅರವತ್ತೆಂಟು ವರ್ಷ. ಕಾರಿಗ್‌ವಾನ್ ಊರಿನ ಶಾಲಾ ಬಸ್ಸನ್ನು ಮೂವತ್ತೊಂದು ವರ್ಷ ಓಡಿಸಿದವನು. ಮೂರು ದಿನದ ಹಿಂದೆ, ಕ್ರಿಸ್‌ಮಸ್ ಬೆಳಿಗ್ಗೆ, ಗೆಳೆಯರೊಡನೆ ಅಟ್ಲಾಂಟಿಕ್ಕಿನ ನೀರಿನಿಂದ ಎದ್ದು ಬಂದು, ಟವೆಲ್ ಹೊದ್ದು ದೋಣಿಕಟ್ಟೆಯ ಗೋಡೆಯ ಮೇಲೆ ಕುಳಿತು, ಚಹಾ ಕೇಳಿದ್ದ. ಚಹಾ ಬಗ್ಗಿಸುವಷ್ಟರಲ್ಲಿ ಅವನು ಇರಲಿಲ್ಲ.

ಕೋಲ್ಮನ್ ಲಾವೆಲ್ ಸಿಗಡಿ ಹಿಡಿಯುವವನು. ದಪ್ಪ ಕತ್ತು, ಸಣ್ಣ ದನಿ. ಅವನು ಅಟ್ರಾಕ್ಟಾಳ ಪಕ್ಕಕ್ಕೆ ಬಂದು ಬ್ರೆಡ್ಡಿನ ಕಡೆ ನೋಡುತ್ತಲೇ ಹೇಳಿದ:

"ಅದು ನರ್ಸು. ಗಾಲ್ವೇಯ ದೊಡ್ಡಾಸ್ಪತ್ರೇಲಿ ಕೆಲಸ. ಕೆದಕ್ತಾ ಇದೆ. ನೀನು ಬಾಯಿ ಬಿಡಬೇಡ."

"ನಾನೇನೂ ಅಂದಿಲ್ವಲ್ಲ."

"ನಿನ್ನ ಮುಖ ಅಂತಿದೆ. ಆ ಹ್ಯಾಮನ್ನ ಬ್ರೆಡ್ಡಿನ ಮೇಲಿಡು, ಮೇಜಿನ ಮೇಲಲ್ಲ."

ಅಷ್ಟರಲ್ಲಿ ಅಂತ್ಯಸಂಸ್ಕಾರದ ಏರ್ಪಾಡು ನೋಡಿಕೊಳ್ಳುವ ಗಿಲ್‌ರಾಯ್ ಹಿಂಬಾಗಿಲಿನಿಂದ ಒಳಬಂದ. ಕೈಯಲ್ಲಿ ಪಟ್ಟಿ. ಪೆಟ್ಟಿಗೆಯನ್ನು ಮನೆಯಿಂದ ಇಗರ್ಜಿಗೆ ಹೆಗಲ ಮೇಲೆ ಒಯ್ಯುವುದು ಆ ತೀರದ ಪದ್ಧತಿ. ಒಂದು ಸಲಕ್ಕೆ ಆರು ಜನ, ಮೂರು ಜೋಡಿ. ಒಂದಷ್ಟು ದೂರ ಹೋದ ಮೇಲೆ ಬೇರೆ ಆರು ಜನ. ಯಾರು ಯಾವಾಗ ಹೆಗಲು ಕೊಡಬೇಕೆಂಬುದನ್ನು ಮನೆಯವರು ಹೇಳುತ್ತಾರೆ, ಗಿಲ್‌ರಾಯ್ ಅಂಗಳದಲ್ಲಿ ನಿಂತು ಕೂಗುತ್ತಾನೆ. ಅವನು ಓದಿದ: ಮೊದಲು ಮಗಳು ಮತ್ತು ಐವರು ಸೋದರಬಂಧುಗಳು, ಆಮೇಲೆ ಫುಟ್‌ಬಾಲ್ ಕ್ಲಬ್ಬು, ಕೊನೆಗೆ ಬಸ್ಸಿನ ಚಾಲಕರು.

"ನಾವು?" ಎಂದ ಕೋಲ್ಮನ್.

ಗಿಲ್‌ರಾಯ್ ಕೆಮ್ಮಿದ. "ಮನೆಯವರು ಕೊಟ್ಟಿದ್ದು ಇಷ್ಟೇ."

"ಹನ್ನೊಂದು ವರ್ಷ ಒಟ್ಟಿಗೆ ಸಮುದ್ರಕ್ಕಿಳಿದೋರು ನಾವು."

"ಅದಕ್ಕೇ ಇರಬೇಕು, ಕೋಲ್ಮನ್," ಎಂದು ಗಿಲ್‌ರಾಯ್ ಪಟ್ಟಿಯನ್ನು ಮಡಚಿದ.

ಅಂಗಳದಲ್ಲಿ ಆಗಲೇ ಎಪ್ಪತ್ತು ಎಂಬತ್ತು ಜನ ಸೇರಿದ್ದರು. ಅವರ ಎದುರಿಗೆ ಮೂರು ಸಲ ಹೆಸರು ಕೂಗುವಾಗ ಸತ್ತವನ ಆಪ್ತ ಗೆಳೆಯರ ಹೆಸರು ಬಾರದೆ ಹೋದರೆ ಅದು ಊರಿಗೆಲ್ಲ ತೀರ್ಪು ಓದಿದಂತೆ. ಅಟ್ರಾಕ್ಟಾ ಚಾಕುವನ್ನು ಕೆಳಗಿಟ್ಟಳು.

•

ಕ್ರಿಸ್‌ಮಸ್ ಬೆಳಿಗ್ಗೆ ಸಮುದ್ರದಲ್ಲಿ ಮುಳುಗುವುದನ್ನು ಶುರುಮಾಡಿದವನು ಫೆಸ್ಟಸ್. ಅವನ ಹೆಂಡತಿ ಊನಾ ತನ್ನ ಕೊನೆಯ ಹತ್ತೊಂಬತ್ತು ದಿನಗಳನ್ನು ಕಳೆದ ಆರೈಕೆ ಮನೆಗಾಗಿ ಹಣ ಸೇರಿಸುವುದು ಉದ್ದೇಶ. ಎಲ್ಲರೂ ಸಾಲಾಗಿ ಕೈಕೈ ಹಿಡಿದು ಇಳಿಯಬೇಕು; ಪ್ರತಿಯೊಬ್ಬರ ತಲೆಯೂ ಒಮ್ಮೆ ನೀರೊಳಗೆ ಹೋಗಿ ಬರುವ ತನಕ ಯಾರೂ ಕೈ ಬಿಡುವಂತಿಲ್ಲ, ಯಾರೂ ದಡ ಹತ್ತುವಂತಿಲ್ಲ. ಈ ನಿಯಮ ಹೇಗೆ ಬಂತೆಂಬುದಕ್ಕೆ ಎರಡು ಮಾತುಗಳಿವೆ. ಮೊದಲ ವರ್ಷ ಅಲೆಯೊಂದು ಒಬ್ಬನನ್ನು ಎಳೆದುಕೊಂಡು ಹೋಗುವುದರಲ್ಲಿತ್ತು, ಅದಕ್ಕೆ ಎನ್ನುತ್ತಾರೆ ಕೆಲವರು. ಕೋಲ್ಮನ್ ಕೂದಲು ಒದ್ದೆ ಮಾಡಿಕೊಂಡು ಮುಳುಗಿದೆನೆಂದು ಸುಳ್ಳು ಹೇಳುತ್ತಿದ್ದ, ಅದಕ್ಕೆ ಎನ್ನುತ್ತಾಳೆ ಅವನ ಹೆಂಡತಿ ಡರ್ವಲಾ.

ಅಟ್ರಾಕ್ಟಾ ಗಿಂಟಿ ಅದೇ ಶಾಲಾ ಬಸ್ಸಿನಲ್ಲಿ ಮಕ್ಕಳನ್ನು ಹತ್ತಿಸಿ ಇಳಿಸುವ ಕೆಲಸದಲ್ಲಿದ್ದವಳು. ಹತ್ತು ವರ್ಷ ಅವಳು ಸಾಲಿಗೆ ಸೇರಲಿಲ್ಲ. ಸೊಂಟದ ತನಕ ಇಳಿದು ಪಕ್ಕದಲ್ಲಿ ನಿಲ್ಲುತ್ತಿದ್ದಳು. ಮುಖಕ್ಕೆ ನೀರು ತಾಗಿದರೆ ಅವಳ ಉಸಿರು ಕಟ್ಟುತ್ತಿತ್ತು, ಸಣ್ಣವಳಿದ್ದಾಗಿನಿಂದಲೂ. ಹಾಗೆ ನೀರಲ್ಲಿ ನಿಂತೇ ಇರುವುದಕ್ಕೆ ಗೆಳೆಯರು ಅವಳನ್ನು ಕೊಕ್ಕರೆ ಎನ್ನುತ್ತಿದ್ದರು.

ಅಕ್ಟೋಬರಿನಲ್ಲಿ ಅವಳಿಗೆ ಅರವತ್ತು ತುಂಬಿತು. ದೋಣಿಕಟ್ಟೆಯ ಮೇಲೆ ಕೇಕ್ ಕತ್ತರಿಸುವಾಗ ಅವಳು ಹೇಳಿಬಿಟ್ಟಳು: "ಈ ಸಲ ನಾನೂ ಸಾಲಿಗೆ ಬರ್ತೀನಿ. ತಲೆ ಸಮೇತ."

"ಯಾರ ತಲೆ?" ಎಂದ ಕೋಲ್ಮನ್.

"ನಿನ್ನದಂತೂ ಅಲ್ಲ. ಅದು ಮುಳುಗಲ್ಲ, ಒಳಗೆ ಬರೀ ಗಾಳಿ."

ಫೆಸ್ಟಸ್ ನಗಲಿಲ್ಲ. "ನಾನು ನಿನ್ನ ಪಕ್ಕ ನಿಲ್ತೀನಿ," ಎಂದ.

ಆ ವರ್ಷ ವಸಂತದಲ್ಲಿ ಅವನ ಹೃದಯದಲ್ಲಿ ತೊಂದರೆಯಿದೆಯೆಂದು ಗೊತ್ತಾಗಿತ್ತು. "ಡಾಕ್ಟರು ಎರಡು ನಿಮಿಷ ಪರವಾಗಿಲ್ಲ ಅಂದಿದಾರೆ" ಎಂದು ಅವನು ಗೆಳೆಯರಿಗೆ ಹೇಳಿದ. "ನಾನು ದಡದಲ್ಲಿ ಟವೆಲ್ ಹಿಡ್ಕೊಂಡು ನಿಲ್ತೀನಿ, ಅಷ್ಟೇ" ಎಂದು ಮಗಳಿಗೆ ಹೇಳಿದ. ಡಾಕ್ಟರು ನೀರಿನ ಹತ್ತಿರ ಹೋಗಲೇಬೇಡ ಎಂದಿದ್ದರು.

•

ಮುಂದಿನ ಕೋಣೆಯಲ್ಲಿ ಗೋಡೆಯುದ್ದಕ್ಕೂ ಕುರ್ಚಿಗಳು. ಬಂದವರು ಪೆಟ್ಟಿಗೆಯ ಬಳಿ ನಿಂತು, ಶಿಲುಬೆಯ ಗುರುತು ಮಾಡಿಕೊಂಡು, ನೋರೀನಳ ಕೈ ಕುಲುಕಿ ಕೂರುತ್ತಿದ್ದರು.

"ನಮ್ಮನೆ ಗೇಟಿನ ಹತ್ರ ಒಂದಿನ ನನಗೆ ಒಂದೇ ಬೂಟು ಸಿಕ್ತು," ಎಂದಳು ಮಾರ್ಸೆಲ್ಲಾ. ಅವಳು ಈಗ ಮೂರು ಮಕ್ಕಳ ತಾಯಿ. "ಇನ್ನೊಂದನ್ನ ನಾಯಿ ಹೊತ್ಕೊಂಡು ಹೋಗಿತ್ತು. ಇಡೀ ಬಸ್ಸು ಕಾಯ್ತು. ಫೆಸ್ಟಸ್ ಹಾರ್ನ್ ಕೂಡ ಒತ್ತಲಿಲ್ಲ. ಕೆಳಗಿಳಿದು ನಮ್ಮಮ್ಮನ ಜೊತೆ ನಾಯಿ ಹಿಂದೆ ಓಡಿದ."

"ಅದಕ್ಕೇ ನಾನು ವರ್ಷಗಟ್ಟಲೆ ಮೊದಲನೇ ಪಾಠಾನ ಖಾಲಿ ಬೆಂಚುಗಳಿಗೆ ಮಾಡಿದ್ದು," ಎಂದರು ನಿವೃತ್ತ ಹೆಡ್‌ಮಾಸ್ಟರು. "ಅವನ ಮೇಲೆ ಮೂರು ಸಲ ದೂರು ಬರೆದೆ. ನಾಲ್ಕನೇದು ಬರೀಬೇಕು ಅನ್ನೋ ದಿನ ನನ್ನ ಮಗನೇ ತಡ ಮಾಡಿದ. ಅವನಿಗೂ ಕಾದ, ಪುಣ್ಯಾತ್ಮ. ಕಾಗದ ಹರಿದು ಹಾಕಿದೆ."

ಜನ ನಕ್ಕರು. ಸತ್ತವನ ಪಕ್ಕದಲ್ಲಿ ಕುಳಿತು ನಗುವುದು ಅಲ್ಲಿ ಅಗೌರವವಲ್ಲ. ಆದರೆ ನೋರೀನ್ ನಗಲಿಲ್ಲ. ಅವಳು ಎದ್ದು ಹಿಂದಿನ ಕೋಣೆಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ, ಹಾಲು ತರುವ ನೆಪದಲ್ಲಿ ಅಟ್ರಾಕ್ಟಾಳೂ ಹೋದಳು.

ಅದು ಬಟ್ಟೆ ಒಗೆಯುವ ಯಂತ್ರ, ಕಲ್ಲಿದ್ದಲಿನ ಬಕೆಟ್ಟು, ಹಳೆಯ ಕೋಟುಗಳಿದ್ದ ಇಕ್ಕಟ್ಟಾದ ಕೋಣೆ. ಯಂತ್ರದ ಮೇಲೆ ನೋರೀನ್ ಅಪ್ಪನ ಹೃದಯದ ಮಾತ್ರೆಗಳನ್ನು ಸಾಲಾಗಿ ಜೋಡಿಸಿದ್ದಳು. ಎಲ್ಲವೂ ಅರ್ಧರ್ಧ.

"ಎಷ್ಟು ನೀಟಾಗಿ ಕತ್ತರಿಸಿದಾರೆ ನೋಡಿ," ಎಂದಳು, ತಿರುಗದೆ. "ನಾನು ಹೇಳಿದ ಹಾಗೇ."

"ಏನು ಹೇಳಿದ್ದೆ, ಮಗಳೇ?"

"ಹತ್ತನೇ ತಾರೀಕು ಫೋನ್ ಮಾಡಿದ್ರು. ತಲೆ ಸುತ್ತುತ್ತೆ ಅಂದ್ರು. ಅರ್ಧ ತಗೋಳಿ ಅಪ್ಪ ಅಂದೆ. ಡಾಕ್ಟರನ್ನ ಕೇಳ್ಬೇಕಿತ್ತು, ಕೇಳ್ಲಿಲ್ಲ. ನರ್ಸ್ ಅಲ್ವಾ, ನಂಗೆಲ್ಲ ಗೊತ್ತಿತ್ತು."

ಅಟ್ರಾಕ್ಟಾ ಬಾಗಿಲನ್ನು ಹಿಂದಿನಿಂದ ಒತ್ತಿ ಮುಚ್ಚಿದಳು.

"ನೀವು ಕರ್ಕೊಂಡು ಹೋಗಿ ಕೊಂದ್ರಿ ಅಂತ ಅಂದ್ಕೊಂಡೆ, ಅದಕ್ಕೇ ಪಟ್ಟಿಯಿಂದ ತೆಗೆಸಿದೆ," ನೋರೀನಳ ದನಿ ಏರಲಿಲ್ಲ, ಒಣಗಿತು. "ರಾತ್ರಿಯಿಂದ ಎಲ್ಲರನ್ನೂ ಕೇಳ್ತಾ ಇದೀನಿ. ಎಲ್ಲರೂ ಎರಡು ನಿಮಿಷ ಅಂತಾರೆ. ಎರಡೇ ನಿಮಿಷಕ್ಕೆ ಹೃದಯ ನಿಂತಿದೆ ಅಂದ್ರೆ ಅದು ನೀರಲ್ಲ, ಈ ಅರ್ಧ ಮಾತ್ರೆ. ಗಿಲ್‌ರಾಯ್‌ಗೆ ಹೇಳ್ತೀನಿ, ನಿಮ್ಮ ಹೆಸರು ಸೇರಿಸ್ತಾರೆ. ನನ್ನ ಜಾಗದಲ್ಲಿ ನೀವು ಹೆಗಲು ಕೊಡಿ. ನಾನು ಹೊರಲ್ಲ. ನನಗೆ ಆಗಲ್ಲ."

ಅಟ್ರಾಕ್ಟಾಳಿಗೆ ಬೇಕಾಗಿದ್ದುದು ಅವಳು ಕೇಳದೆಯೇ ಸಿಕ್ಕಿತ್ತು. ತಲೆಯಾಡಿಸಿ, ಹಾಲಿನ ಡಬ್ಬಿ ಎತ್ತಿಕೊಂಡು ಹೊರಬಂದಿದ್ದರೆ ಮುಗಿಯುತ್ತಿತ್ತು.

•

ಆ ಕ್ರಿಸ್‌ಮಸ್ ಬೆಳಿಗ್ಗೆ ಮೊದಲು ಡರ್ವಲಾ ಮುಳುಗಿ ಎದ್ದಳು, ಆಮೇಲೆ ಕೋಲ್ಮನ್ ಬೈದುಕೊಳ್ಳುತ್ತ, ಆಮೇಲೆ ಫೆಸ್ಟಸ್ ಸದ್ದಿಲ್ಲದೆ. ಸಾಲಿನ ಕೊನೆಯಲ್ಲಿ ಅಟ್ರಾಕ್ಟಾ. ಗಾಳಿ ವಾಯವ್ಯದಿಂದ ಬೀಸುತ್ತಿತ್ತು. ದೋಣಿಕಟ್ಟೆಯ ಮೆಟ್ಟಿಲ ಮೇಲೆ ಮಂಜುಗಡ್ಡೆ. ಅವಳು ಮಂಡಿ ಮಡಿಸಿದಳು. ನೀರು ಗದ್ದ ಮುಟ್ಟಿತು. ಚಂಗನೆ ಮೇಲೆದ್ದಳು.

"ಇನ್ನೊಂದ್ಸಲ," ಎಂದ ಫೆಸ್ಟಸ್.

ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲವೂ.

"ಅಟ್ರಾಕ್ಟಾ, ನನ್ನ ಕಾಲು ಎಲ್ಲಿದೆ ಅಂತ ನಂಗೇ ಗೊತ್ತಿಲ್ಲ!" ಕೋಲ್ಮನ್ ಕೂಗಿದ. "ಕೊಕ್ಕರೆಯಾಗೇ ಇರು, ಯಾರು ಬೇಡ ಅಂದ್ರು! ಹತ್ತೋಣ!"

"ನೀನು ಕೈ ಬಿಡು, ಫೆಸ್ಟಸ್," ಎಂದಳು ಅವಳು, ಹಲ್ಲು ಕಟಕಟಿಸುತ್ತ. "ನಿನಗೆ ಎರಡು ನಿಮಿಷ ಅಲ್ವಾ. ಹೋಗು."

"ನಿನ್ನ ತಲೆ ಎಲ್ಲೂ ಓಡಿಹೋಗಲ್ಲ. ನಾನೂ ಹೋಗಲ್ಲ. ಉಸಿರು ತಗೋ."

ಅವನ ತುಟಿ ನೀಲಿಯಾಗಿತ್ತು. ಅವಳು ಅದನ್ನು ನೋಡಿದಳು. ಇನ್ನೊಮ್ಮೆ ಹೋಗೆಂದಳು, ಅವನು ತಲೆಯಲ್ಲಾಡಿಸಿದ. ಮೂರನೆಯ ಸಲ ಅವಳು ಹೇಳಲಿಲ್ಲ.

•

"ಎರಡಲ್ಲ, ನೋರೀನ್," ಎಂದಳು ಅಟ್ರಾಕ್ಟಾ. "ಒಂಬತ್ತು."

ನೋರೀನ್ ತಿರುಗಿದಳು.

"ಡರ್ವಲಾಳ ತಂಗಿ ದಡದಿಂದ ಫೋಟೊ ತೆಗೀತಿದ್ಲು. ಇಳಿದಿದ್ದು ಹನ್ನೊಂದು ನಾಲ್ಕಕ್ಕೆ. ಹತ್ತಿದ್ದು ಹನ್ನೊಂದು ಹದಿಮೂರಕ್ಕೆ. ಕೋಲ್ಮನ್ ಅವನ್ನ ಅಳಿಸಿ ಹಾಕಿಸಿದ. ಅಳಿಸೋ ಮುಂಚೆ ನಾನು ನೋಡಿದ್ದೆ. ನನಗೋಸ್ಕರ ಸುಳ್ಳು ಹೇಳ್ತಿದಾರೆ ಅವರು. ನಾನು ಮುಳುಗಲಿಲ್ಲ, ಅವನು ಕಾದ. ನನ್ನ ಕೈ ಹಿಡ್ಕೊಂಡು."

ಮುಂದಿನ ಕೋಣೆಯಲ್ಲಿ ಜಪಸರದ ಪ್ರಾರ್ಥನೆ ಶುರುವಾಯಿತು. ಒಬ್ಬ ಹೆಂಗಸು ಮೊದಲರ್ಧ ಹೇಳುವುದು, ಎಲ್ಲರೂ ಉಳಿದರ್ಧ ಹೇಳುವುದು ಬಾಗಿಲಾಚೆ ಏರಿಳಿಯುತ್ತಿತ್ತು. ನೋರೀನ್ ಕಲ್ಲಿದ್ದಲಿನ ಬಕೆಟ್ಟಿನ ಅಂಚಿನ ಮೇಲೆ ಕುಳಿತಳು. ಕಪ್ಪು ಉಡುಪಿಗೆ ಮಸಿ ಹತ್ತಿತು; ಅವಳು ನೋಡಲಿಲ್ಲ.

"ಹೋಗು ಅಂತ ಹೇಳಿದ್ರಾ?"

"ಎರಡು ಸಲ."

"ಮೂರನೇ ಸಲ?"

"ಹೇಳಲಿಲ್ಲ. ಅವನು ಬಿಟ್ಟು ಹೋಗೋದು ನನಗೆ ಬೇಕಿರಲಿಲ್ಲ."

ಒಂದು ಸುತ್ತು ಜಪ ಮುಗಿದು ಇನ್ನೊಂದು ಸುತ್ತು ತೊಡಗಿತು. ನೋರೀನಳ ಮುಖದಲ್ಲಿ ಏನಿತ್ತೆಂದು ಅಟ್ರಾಕ್ಟಾ ಆಮೇಲೆ ಯಾರಿಗೂ ಸರಿಯಾಗಿ ಹೇಳಲಾರದೆ ಹೋದಳು. ಹೊಡೆಯುತ್ತಾಳೆಂದು ಅನ್ನಿಸಿತು, ಹೊಡೆದರೆ ಒಳ್ಳೆಯದಿತ್ತು ಎಂದೂ ಅನ್ನಿಸಿತು.

"ಕೊನೆಗೆ ಮುಳುಗಿದ್ರಾ?"

"ಮುಳುಗಿದೆ."

"ಅಪ್ಪ ಏನಂದ್ರು?"

"ನಕ್ಕ. 'ನೋಡ್ರೋ, ಕೊಕ್ಕರೆ ಮೀನಾಯ್ತು' ಅಂದ. ಗೋಡೆ ಮೇಲೆ ಕೂತ ಮೇಲೂ ನಗ್ತಾನೇ ಇದ್ದ."

ಬಾಗಿಲು ತೆರೆಯಿತು. ಕೋಲ್ಮನ್. ಇಬ್ಬರ ಮುಖವನ್ನೂ ನೋಡಿ ಅವನಿಗೆ ತಿಳಿಯಿತು. "ಅಟ್ರಾಕ್ಟಾ, ನಾವು ಮಾತಾಡಿಕೊಂಡಿದ್ವಲ್ಲೇ..."

"ನಾಲ್ಕನೇ ಸಲ ಕೇಳ್ತಿದೀನಿ, ಕೋಲ್ಮನ್," ನೋರೀನ್ ಎದ್ದು ನಿಂತಳು. "ಎಷ್ಟು ನಿಮಿಷ?"

ಅವನು ಟೋಪಿ ತೆಗೆದ. ಅದನ್ನು ಹಿಂಡುತ್ತ ನಿಂತ. "ಒಂಬತ್ತು."

ನೋರೀನ್ ಅರ್ಧ ಮಾತ್ರೆಗಳನ್ನು ಅಂಗೈಗೆ ಬಳಿದುಕೊಂಡಳು. "ಆ ನೀರಲ್ಲಿ ಒಂಬತ್ತು ನಿಮಿಷ," ಎಂದಳು, ಮಾತ್ರೆಗಳಿಗೆ ಹೇಳುವಂತೆ. "ಇಡೀ ಮಾತ್ರೆ ತಗೊಂಡಿದ್ರೂ ತಡೀತಿರಲಿಲ್ಲ." ಮೂರು ದಿನದಲ್ಲಿ ಮೊದಲ ಸಲ ಅವಳು ಅತ್ತಳು, ನಿಂತೇ, ಸದ್ದಿಲ್ಲದೆ, ಮಾತ್ರೆಗಳಿದ್ದ ಮುಷ್ಟಿಯಿಂದ ಕೆನ್ನೆ ಒರೆಸಿಕೊಳ್ಳುತ್ತ. ಅಟ್ರಾಕ್ಟಾ ಒಂದು ಹೆಜ್ಜೆ ಮುಂದಿಟ್ಟಾಗ ಅವಳು ಕೈ ಅಡ್ಡ ಹಿಡಿದಳು.

"ಬೇಡ. ನಾನು ಕ್ಷಮಿಸಿದೀನಿ ಅಂತ ಅಂದ್ಕೋಬೇಡಿ."

"ಇಲ್ಲ."

"ಕೋಟು ಹಾಕ್ಕೊಳ್ಳಿ. ಹೊರಗೆ ಚಳಿ ಇದೆ."

ಹನ್ನೊಂದೂವರೆಗೆ ಮುಚ್ಚಳ ಹಾಕಿದರು. ಅಂಗಳದಲ್ಲಿ ಜನ ಎರಡು ಸಾಲಾಗಿ ದಾರಿ ಬಿಟ್ಟರು. ಗಿಲ್‌ರಾಯ್ ಪಟ್ಟಿ ಬಿಡಿಸಿದ. ನೋರೀನ್ ಅವನ ಬಳಿಗೆ ಹೋಗಿ, ಎಲ್ಲರಿಗೂ ಕೇಳುವಂತೆ, ಮೊದಲ ಆರರಲ್ಲಿ ಎರಡು ಹೆಸರು ಬದಲಿಸಿದಳು. ಮುಂದೆ ಇಬ್ಬರು ಸೋದರಬಂಧುಗಳು, ನಡುವೆ ಕೋಲ್ಮನ್ ಮತ್ತು ಇನ್ನೊಬ್ಬ ಸೋದರಬಂಧು. ಹಿಂದೆ ತಾನು ಮತ್ತು ಅಟ್ರಾಕ್ಟಾ.

"ಅದಾಗಲ್ಲ," ಎಂದ ಗಿಲ್‌ರಾಯ್ ತಗ್ಗಿದ ದನಿಯಲ್ಲಿ. "ಜೋಡಿ ಸಮ ಎತ್ತರ ಇರಬೇಕು. ನೀನು ಉದ್ದ, ಅವರು ಗಿಡ್ಡ. ಒಂದು ಗೇಣು ವ್ಯತ್ಯಾಸ. ಪೆಟ್ಟಿಗೆ ವಾಲುತ್ತೆ."

"ವಾಲಲ್ಲ."

"ಇಗರ್ಜಿ ತನಕ ಏರು ಇದೆ, ನೋರೀನ್."

"ಗೊತ್ತು. ಎತ್ತಿಸಿ."

ಎತ್ತಿದರು. ಅಟ್ರಾಕ್ಟಾಳ ಹೆಗಲು ಪೆಟ್ಟಿಗೆಯ ತಳಕ್ಕೆ ತಾಗಲಿಲ್ಲ; ಅವಳು ತುದಿಗಾಲಲ್ಲಿ ನಿಂತಳು. ಆಗ ಪೆಟ್ಟಿಗೆ ಮೆಲ್ಲನೆ ಇಳಿದು ಅವಳ ಹೆಗಲ ಮೇಲೆ ಕೂತಿತು.

ಹಿಂದಿನಿಂದ ಬರುತ್ತಿದ್ದವರೆಲ್ಲ ನೋಡಿದರು. ಎತ್ತರದ ನೋರೀನ್ ಎರಡೂ ಮಂಡಿ ಮಡಿಸಿಕೊಂಡು, ಅರ್ಧ ಕುಳಿತ ಹಾಗೆ, ಏರುದಾರಿಯಲ್ಲಿ ಒಂದೊಂದೇ ಹೆಜ್ಜೆ ಇಡುತ್ತಿದ್ದಳು. ಉಡುಪಿನ ಹಿಂಬದಿಯಲ್ಲಿ ಕಲ್ಲಿದ್ದಲಿನ ಮಸಿ. ತೊಡೆಗಳು ನಡುಗುತ್ತಿದ್ದವು. ತಿರುವಿನಲ್ಲಿ ಗಿಲ್‌ರಾಯ್ ಕೈ ಎತ್ತಿ ಎರಡನೆಯ ಆರು ಜನರನ್ನು ಕರೆದ; ಫುಟ್‌ಬಾಲ್ ಕ್ಲಬ್ಬಿನವರು ಮುಂದೆ ಬಂದು ಹೆಗಲು ಒಡ್ಡಿದರು. ಅವಳು ಅವರ ಕಡೆ ನೋಡದೆ, ಮಂಡಿ ನೆಟ್ಟಗೆ ಮಾಡದೆ, ನಡೆಯುತ್ತಲೇ ಇದ್ದಳು. ಪೆಟ್ಟಿಗೆ ಒಂದು ಬೆರಳಿನಷ್ಟೂ ವಾಲಿರಲಿಲ್ಲ.