ಕಂಬದ ಕೆಳಗೆ ಆಡುವ ಮಾತು

ಈ ಸಲದ ತರಬೇತಿಗೆ ತೇಜಶ್ರೀ ಬರುತ್ತಾಳೆಂಬುದನ್ನು ಸುದರ್ಶನ್ ಮೊದಲೇ ನಟರಾಜುವಿಗೆ ತಿಳಿಸಿದ. ಹಾಸನದ ಹೊರಗಿದ್ದ ಆ ವಿದ್ಯುತ್ ತರಬೇತಿ ಕೇಂದ್ರಕ್ಕೆ ಸುದರ್ಶನ್ ಮುಖ್ಯಸ್ಥ, ಇನ್ನೂ ಚಿಕ್ಕ ವಯಸ್ಸಿನ ಇಂಜಿನಿಯರು. ನಟರಾಜು ಲೈನ್‌ಮನ್ ಆಗಿ ಸೇರಿ, ಮೇಸ್ತ್ರಿಯಾಗಿ ನಿವೃತ್ತನಾಗಿ, ಈಗ ಅಲ್ಲಿ ಕಂಬದ ಕೆಲಸದ ಪಾಠ ಹೇಳುತ್ತಿದ್ದವನು. ನಿಮ್ಮ ಮನಸ್ಸಿಗೆ ಕಷ್ಟವಾಗುವುದಾದರೆ ಆ ಹುಡುಗಿಯನ್ನು ಬೇರೆ ತಂಡಕ್ಕೆ ಹಾಕುತ್ತೇನೆ ಎಂದು ಸುದರ್ಶನ್ ಮೆಲ್ಲಗೆ ಹೇಳಿದ. ನಟರಾಜು, ಬರಲಿ ಬಿಡಿ ಎಂದ.

ತೇಜಶ್ರೀ ಹೊಳೆನರಸೀಪುರದ ಹುಡುಗಿ. ಅರಕಲಗೂಡಿನ ಕಡೆಯ ಒಂದು ವಿದ್ಯುತ್ ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದಳು. ಹಿಂದಿನ ವರ್ಷದ ಕಾರ್ತಿಕದಲ್ಲಿ ಅವಳು ಲೈನಿಗೆ ಕರೆಂಟು ಬಿಟ್ಟಾಗ ಕಂಬದ ಮೇಲಿದ್ದವನು ಭೀಮ. ಭೀಮ ನಟರಾಜುವಿನ ಒಬ್ಬನೇ ಮಗ.

ಅವಳು ತರಬೇತಿಗೆ ಬರುವ ಸಂಗತಿಯನ್ನು ಹೆಂಡತಿ ಮಾಯಮ್ಮನಿಂದ ಮುಚ್ಚಿಡುವುದು ನಟರಾಜುವಿನಿಂದ ಆಗಲಿಲ್ಲ. ಅವಳು ಅಳಲಿಲ್ಲ, ಕೂಗಾಡಲಿಲ್ಲ. ಹೂ ಕಟ್ಟುತ್ತಿದ್ದವಳು ದಾರವನ್ನು ಹಲ್ಲಿನಲ್ಲಿ ಕಡಿದು, "ಅವಳ್ನ ಪಾಸು ಮಾಡ್ಬುಟ್ಟು ಬಂದ್ರೆ ನಿಮ್ಗೆ ನಾನು ಅನ್ನ ಇಕ್ಕಾಕಿಲ್ಲ" ಎಂದಳು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಅಂಥ ಮಾತು ಆಡಿದ್ದು ಅದೇ ಮೊದಲು.

ಭೀಮ ಸತ್ತದ್ದು ಒಂದು ಮಾತಿನಿಂದ. ವಿಚಾರಣೆ ಮಾಡಿದ ಅಧಿಕಾರಿಗಳಿಗೆ ಇದು ಅರ್ಥವಾಗಲಿಲ್ಲ, ನಟರಾಜುವಿಗೆ ಕೇಳಿದ ತಕ್ಷಣ ಅರ್ಥವಾಯಿತು. ನಮ್ಮ ಕಡೆ ಯಾರೂ ಮನೆಯಿಂದ ಹೊರಡುವಾಗ ಹೋಗುತ್ತೇನೆ ಅನ್ನುವುದಿಲ್ಲ. ಬತ್ತೀನಿ ಅನ್ನುತ್ತಾರೆ. ಹೋದವರು ತಿರುಗಿ ಬರಲೆಂದು ಹಿರಿಯರು ಇಟ್ಟುಕೊಂಡ ಪದ್ಧತಿ ಅದು. ಲೈನ್‌ಮನ್‌ಗಳಿಗಂತೂ ಇನ್ನೊಂದು ಭಯ. ಮೇಲಕ್ಕೆ ಹೋದ ಎಂದರೆ ಸತ್ತ ಎಂದೇ ಅರ್ಥ. ಆದ್ದರಿಂದ ಕಂಬ ಹತ್ತುವವನು ಮೇಲಕ್ಕೆ ಹೋಗುತ್ತೇನೆ ಎಂದು ಬಾಯಿ ಬಿಟ್ಟು ಹೇಳುವುದೇ ಇಲ್ಲ. ಅದಕ್ಕೂ ಬತ್ತೀನಿ ಎಂದೇ ಹೇಳಿ ಕಂಬಕ್ಕೆ ಕೈ ಹಾಕುತ್ತಾನೆ.

ಅಂದು ಭೀಮ ಒಂದು ಪಿಂಗಾಣಿ ಇನ್ಸುಲೇಟರ್ ತೆಗೆದುಕೊಳ್ಳಲೆಂದು ಹೊಲದ ನಡುವಿನ ಕಂಬದಿಂದ ಕೆಳಗಿಳಿದಿದ್ದ. ಪಂಪ್‌ಸೆಟ್ಟಿನವರು ಸ್ಟೇಷನ್ನಿಗೆ ಫೋನ್ ಮಾಡಿ ಮಾಡಿ ತೇಜಶ್ರೀಯ ತಲೆ ತಿನ್ನುತ್ತಿದ್ದರು. ಅವಳು ಭೀಮನಿಗೆ ಫೋನ್ ಮಾಡಿ ಆಯಿತೇ ಎಂದು ಕೇಳಿದಳು. "ಆಯ್ತು ಕಣಕ್ಕ, ಬತ್ತೀನಿ" ಎಂದು ಅವನು ಹೇಳಿದ್ದನ್ನು ಕಂಬದ ಕೆಳಗೆ ನಿಂತಿದ್ದ ಜೊತೆಗಾರ ಮಂಜುನಾಥ ಕಿವಿಯಾರೆ ಕೇಳಿದ್ದ. ಆದಂತೆಯೇ, ಇನ್ನೊಂದು ಸಲ ಹತ್ತಿ ಮುಗಿಸುತ್ತೇನೆ ಎಂಬುದು ಭೀಮನ ಮನಸ್ಸಿನಲ್ಲಿದ್ದದ್ದು. ಕೆಲಸ ಮುಗಿಯಿತು, ಇಲ್ಲಿಂದ ಹೊರಟೆ ಎಂಬುದು ತೇಜಶ್ರೀಗೆ ತಿಳಿದದ್ದು. ಅವನು ಹತ್ತಿದ, ಅವಳು ಕರೆಂಟು ಬಿಟ್ಟಳು. ತಪ್ಪಿ ಬಂದ ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ರಾಡು ಅಂದು ಬೇರೊಂದು ಕೆಲಸಕ್ಕೆ ಹೋಗಿತ್ತು. ಒಳ್ಳೆಯದಾಗಲೆಂದು ಆಡುವ ಮಾತೇ ಹುಡುಗನನ್ನು ತೆಗೆದುಕೊಂಡು ಹೋಯಿತು. ದೇವರ ಮುಂದೆ ಕೂತು ನಟರಾಜು ಇದು ಹೇಗಾಯಿತೆಂದು ಎಷ್ಟೋ ಸಲ ಕೇಳಿದ.

ಅವಳನ್ನು ಕೆಲಸದಿಂದ ದೂರ ಇಟ್ಟು, ಕೊನೆಗೆ, ಪುನಃ ತರಬೇತಿಯಾಗಿ ಪಾಸಾದರೆ ಮಾತ್ರ ಕೆಲಸ ಎಂದು ಆದೇಶವಾಗಿತ್ತು. ನಟರಾಜುವಿಗೆ ಅವಳ ಮೇಲೆ ಸಿಟ್ಟು ಇರಲಿಲ್ಲವೆಂದಲ್ಲ. ಆದರೆ ಸಿಟ್ಟಿಗಿಂತ ದೊಡ್ಡದೊಂದು ಆಸೆ ಅವನನ್ನು ಹಿಡಿದಿತ್ತು. ಅವಳು ಸರಿಯಾದ ಮಾತು ಕಲಿತು, ಅದೇ ಸ್ಟೇಷನ್ನಿನಲ್ಲಿ ಕರೆಂಟು ಬಿಡುವ ಅದೇ ಹ್ಯಾಂಡಲಿಗೆ ಮತ್ತೆ ಕೈ ಹಾಕಿದರೆ, ಆಗ ಕಲಿಸುವುದರಿಂದ ಏನಾದರೂ ಆಗುತ್ತದೆ ಎಂದು ನಂಬಬಹುದು. ಅಷ್ಟನ್ನಾದರೂ ನಂಬದೆ ಅವನಿಗೆ ಬೆಳಗ್ಗೆ ಎದ್ದು ತನ್ನೂರು ಕಟ್ಟಾಯದಿಂದ ಬಸ್ಸು ಹತ್ತುವುದು ಕಷ್ಟವಾಗಿತ್ತು.

ಪಾಠದ ಪುಸ್ತಕ ಹೊರದೇಶದ ಒಂದು ಸಂಸ್ಥೆಯದು. ಬಡ ದೇಶಗಳ ವಿದ್ಯುತ್ ನೌಕರರಿಗೆಲ್ಲ ಒಂದೇ ಪಾಠ ಬರೆದು, ಆಯಾ ಭಾಷೆಗೆ ಮಾಡಿಸಿದ್ದರು. ಚಿತ್ರಗಳಲ್ಲಿದ್ದ ಕಂಬಗಳು ನಮ್ಮ ಕಂಬಗಳಲ್ಲ. ಫೋನಿನಲ್ಲಿ ಹೇಳಬೇಕಾದ ಮಾತು, "ನಾನು ಈಗ ಕಂಬವನ್ನು ಆರೋಹಣ ಮಾಡುತ್ತಿದ್ದೇನೆ, ದಯವಿಟ್ಟು ವಿದ್ಯುತ್ ಪ್ರವಹಿಸದಂತೆ ನೋಡಿಕೊಳ್ಳಿ" ಎಂದಿತ್ತು.

ಚನ್ನರಾಯಪಟ್ಟಣದ ಕಡೆಯ ಲೈನ್‌ಮನ್ ದ್ಯಾವಯ್ಯ ಅದನ್ನು ಗಟ್ಟಿಯಾಗಿ ಓದಿ, "ಸಾ, ನಾಟಕದಾಗೆ ರಾಜ ಬಂದಂಗೈತೆ. ಇದ್ನ ಯೋಳಿ ಮುಗ್ಸೋದ್ರೊಳ್ಗೆ ಒತ್ತು ಮುಳುಗ್ತದೆ" ಎಂದ. ತರಗತಿಯೆಲ್ಲ ನಕ್ಕಿತು. ಹಿಂದಿನ ಬೆಂಚಿನಲ್ಲಿ ಒಬ್ಬಳೇ ಕೂತಿದ್ದ ತೇಜಶ್ರೀ ನಗಲಿಲ್ಲ. ಪಾಠ ಹೇಳುತ್ತಿರುವವನು ಭೀಮನ ಅಪ್ಪನೆಂದು ಅವಳಿಗೆ ಗೊತ್ತಿತ್ತು.

ನಟರಾಜು ಪುಸ್ತಕ ಮುಚ್ಚಿ ತನ್ನದೇ ಮಾತು ಕಲಿಸಿದ. ಹತ್ತುವಾಗ, ಹತ್ತುತ್ತಿದ್ದೇನೆ, ಕರೆಂಟು ಬೇಡ. ಇಳಿದ ಮೇಲೆ, ಇಳಿದಿದ್ದೇನೆ, ನೆಲದ ಮೇಲಿದ್ದೇನೆ, ಕರೆಂಟು ಕೊಡಿ. ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು. ಅದರಾಚೆ ಒಂದಕ್ಷರ ಕೂಡದು, ಬತ್ತೀನಿ ಅಂತೂ ಕೂಡದೇ ಕೂಡದು. ಎಲ್ಲರೂ ಒಪ್ಪಿದರು, ಎಲ್ಲರೂ ಒಪ್ಪಿಸಿದರು. ಆದರೆ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಅವರು ಮನೆಗಳಿಗೆ ಫೋನ್ ಮಾಡಿ ಮುಗಿಸುವಾಗ ಅಂಗಳದ ಮೂಲೆ ಮೂಲೆಯಿಂದ ಅದೇ ಪದ ಕೇಳಿಸುತ್ತಿತ್ತು. ದ್ಯಾವಯ್ಯನನ್ನು ಕರೆದು ಕೇಳಿದರೆ ಅವನು ಸಂಕೋಚಪಟ್ಟುಕೊಂಡ. ಅದನ್ನು ಹೇಳದೆ ಫೋನ್ ಇಟ್ಟರೆ ಬಾಗಿಲು ಹಾಕದೆ ಬಂದಹಾಗೆ ಆಗುತ್ತದೆ, ಕೆಲಸದ ಮೇಲಿದ್ದಾಗ ಖಂಡಿತ ಹೇಳುವುದಿಲ್ಲ ಎಂದ.

ತೇಜಶ್ರೀ ಬರೆಯುವ ಪರೀಕ್ಷೆಯಲ್ಲಿ ಎಲ್ಲರಿಗಿಂತ ಮುಂದೆ ಬಂದಳು. ಉಳಿದದ್ದು ಕೈಯ ಪರೀಕ್ಷೆ. ಕೇಂದ್ರದ ಹಿತ್ತಿಲಿನಲ್ಲಿ ಕಲಿಯಲೆಂದು ನೆಟ್ಟ ಕಂಬ, ಒಳಗೆ ಸ್ಟೇಷನ್ನಿನಂತೆಯೇ ಮಾಡಿಟ್ಟ ಹ್ಯಾಂಡಲು, ದೀಪಗಳು. ತಂತಿಯಲ್ಲಿ ಕರೆಂಟು ಇಲ್ಲ. ದ್ಯಾವಯ್ಯ ಕಂಬದ ಬಳಿ, ತೇಜಶ್ರೀ ಒಳಗೆ, ನಟರಾಜು ಅವಳ ಪಕ್ಕದಲ್ಲಿ. ದ್ಯಾವಯ್ಯ ಹತ್ತಿ ಇಳಿದು ಫೋನ್ ಮಾಡಿದ.

"ಇಳ್ದಿವ್ನಿ, ನೆಲದ ಮ್ಯಾಲವ್ನಿ, ಕರೆಂಟು ಕೊಡಿ ಕಣಕ್ಕ. ಬತ್ತೀನಿ."

ಅವನಿಗೆ ತಾನು ಏನು ಅಂದೆನೆಂದೇ ಗೊತ್ತಿರಲಿಲ್ಲ. ತೇಜಶ್ರೀಯ ಕೈ ಹ್ಯಾಂಡಲಿನ ಮೇಲೆ ನಿಂತಿತು. ನಟರಾಜು ಕಿಟಕಿಯಿಂದ ಕೂಗಿ ದ್ಯಾವಯ್ಯನನ್ನು ಬೈದು, ಮತ್ತೆ ಮಾಡಿಸಿದ. ಈ ಸಲ ದ್ಯಾವಯ್ಯ ಒಂದಕ್ಷರ ಹೆಚ್ಚಿಲ್ಲದೆ ಸರಿಯಾಗಿ ಹೇಳಿದ. ಅವಳು ಅದನ್ನು ತಿರುಗಿ ಹೇಳಿದಳು. ಅವನು ಹೌದೆಂದ. ಅವಳು ಇನ್ನೊಮ್ಮೆ ಕೇಳಿದಳು, ಮೇಲೆ ಬೇರೆ ಯಾರಾದರೂ ಇದ್ದಾರೆಯೇ ಎಂದಳು.

"ಇಲ್ಲ ಕಣಕ್ಕ. ನಾನಂತೂ ಬದ್ಕೇ ಇವ್ನಿ, ಬೇಕಾರೆ ನಮ್ಮೆಂಡ್ರುನ್ನ ಕೇಳಿ" ಎಂದು ದ್ಯಾವಯ್ಯ ನಗಾಡಿದ. ಸುತ್ತ ನಿಂತವರೂ ನಕ್ಕರು.

ಅವಳ ಕೈ ಏಳಲಿಲ್ಲ. ಕಿಟಕಿಯಿಂದ ನೋಡಿದರೆ ದ್ಯಾವಯ್ಯ ಬರಿಯ ನೆಲದ ಮೇಲೆ, ಚಪ್ಪಲಿ ಹಾಕಿಕೊಂಡು, ಎಲ್ಲರಿಗೂ ಕಾಣುವಂತೆ ನಿಂತಿದ್ದ. ಅವಳೂ ಅವನನ್ನು ನೋಡುತ್ತಿದ್ದಳು. ಆದರೂ ಕೈ ಏಳಲಿಲ್ಲ. ನಟರಾಜು ಉಳಿದವರನ್ನು ಚಹಾಕ್ಕೆ ಕಳಿಸಿದ.

ಇಬ್ಬರೇ ಆದ ಮೇಲೆ ಅವನು, ಮಾತು ಸರಿಯಾಗಿಯೇ ಇತ್ತಲ್ಲಮ್ಮ ಎಂದ.

"ಸರಿಯಾಗೇ ಐತೆ ಸಾ. ಅವ್ರೂ ಸರಿಯಾಗೇ ಯೋಳುದ್ರು" ಎಂದಳು ಅವಳು. "ಆದ್ರೆ ನಂಗೆ ಯಾರ್ ಏನಂದ್ರೂ ನಂಬೋಕಾಗಲ್ಲ. ನನ್ ಕಿವೀನೇ ನಾನು ನಂಬಲ್ಲ. ಫೇಲ್ ಮಾಡ್ಬುಡಿ ಸಾ. ಪಾಸಾದ್ರೆ ಇನ್ನೊಂದಿನ ಇನ್ಯಾರ್ಗೋ ಕರೆಂಟು ಬೇಕಾದಾಗ ಕೊಡ್ದೆ ಕೂತ್ಬುಡ್ತೀನಿ, ಇಲ್ಲಾ ಬೇಡ್ದಾಗ ಕೊಟ್ಬುಡ್ತೀನಿ."

ಮಾತು ಕಲಿಸಬಹುದು, ಅದನ್ನು ನಂಬುವ ಕಿವಿಯನ್ನು ಎಲ್ಲಿಂದ ತಂದು ಕೊಡುವುದು? ಎದ್ದು ಹೋಗಬೇಕೆಂದಿದ್ದ ನಟರಾಜು, ಇಷ್ಟು ದಿನ ತಡೆದಿಟ್ಟುಕೊಂಡಿದ್ದ ಒಂದು ಪ್ರಶ್ನೆಯನ್ನು ಕೇಳಿಬಿಟ್ಟ. ಮಗನ ಕೊನೆಯ ಮಾತನ್ನು ಫೋನಿನಲ್ಲಿ ಕೇಳಿದವಳು ಇವಳು.

"ಅವನ ದನಿ ಎಂಗಿತ್ತವ್ವ ಅವತ್ತು?"

ತೇಜಶ್ರೀ ತಲೆ ಎತ್ತಿ ನೋಡಿ ಹೇಳಿದಳು. "ನಗ್ತಿದ್ರು ಸಾ. ಬಾಯ್ತುಂಬ ಏನೋ ಅಗೀತಿದ್ರು. ಹೊಲದೋರು ಕಡ್ಲೆಕಾಯಿ ಬೇಯ್ಸಿ ಕೊಟ್ಟವ್ರೆ, ನಿಂಗೂ ತತ್ತೀನಿ ಕಣಕ್ಕ ಅಂದಿದ್ರು. ವಿಚಾರಣೆಯೋರು ಅದ್ನ ಕೇಳ್ಲಿಲ್ಲ."

ಆ ದಿನವೇ ಫಲಿತಾಂಶ ಬರೆಯಬೇಕಾಗಿತ್ತು. ಬರೆದ ಪರೀಕ್ಷೆ ಚೆನ್ನಾಗಿದೆ, ಹೇಗಾದರೂ ಪಾಸು ಮಾಡಿ ಎಂದು ಸುದರ್ಶನ್ ಬೇಡಿಕೊಂಡ. ನಟರಾಜು ಆಗುವುದಿಲ್ಲವೆಂದು ತಲೆ ಅಲ್ಲಾಡಿಸಿದ. ದ್ಯಾವಯ್ಯನಿಗೆ ಪಾಸು, ಕಂಬದ ಕೆಲಸದಲ್ಲಿ ಅವನನ್ನು ಮೀರಿಸುವವರಿರಲಿಲ್ಲ, ನಿಯಮದ ಪ್ರಕಾರ ತಡೆಯಲು ಏನೂ ಇರಲಿಲ್ಲ. ಉಳಿದವರೆಲ್ಲರಿಗೂ ಪಾಸು. ನಾಳೆಯಿಂದ ಅವರು ತಮ್ಮ ತಮ್ಮ ಊರಿನ ಕಂಬಗಳ ಕೆಳಗೆ ನಿಂತು ನಾಲಿಗೆಗೆ ಬಂದದ್ದನ್ನು ಆಡುತ್ತಾರೆ. ಮಾತು ಎಂಥದೆಂದು ನಿಜವಾಗಿ ಕಲಿತಿದ್ದವಳು ಒಬ್ಬಳೇ, ನಪಾಸಾದವಳೂ ಅವಳೊಬ್ಬಳೇ.

ಸಂಜೆ ಕಟ್ಟಾಯದಲ್ಲಿ ಬಸ್ಸಿಳಿದು ಮನೆಗೆ ಬಂದಾಗ ಮಾಯಮ್ಮ ಬಾಗಿಲಲ್ಲೇ ನಿಂತಿದ್ದಳು. ಅವನು ಕಾಲು ತೊಳೆಯುತ್ತ, ನಪಾಸು ಎಂದ. ಅವಳು ಒಳಗೆ ಹೋಗಿ ದೇವರಿಗೆ ಹೂ ಏರಿಸಿ, ಕೈ ಮುಗಿದಳು. ಆಮೇಲೆ ಬಿಸಿ ಮುದ್ದೆ ತಿರುವಿ, ಅವನಿಗೂ ಬಡಿಸಿ, ಎದುರಿಗೆ ತಾನೂ ತಟ್ಟೆ ಇಟ್ಟುಕೊಂಡು ಕೂತಳು. ಮಗ ಹೋದ ಮೇಲೆ ಅವಳು ಹೀಗೆ ಕೂತು ಉಂಡದ್ದೇ ಇಲ್ಲ. ಸತ್ತ ದಿನ ಬೆಳಗ್ಗೆ ಭೀಮ ತಡವಾಯಿತೆಂದು ತಿಂಡಿ ತಿನ್ನದೆ ಹೊರಟಿದ್ದ. ಮಗು ಹಸಿದುಕೊಂಡೇ ಸತ್ತಿತು ಎಂಬುದು ಅವಳ ಹೊಟ್ಟೆಯಲ್ಲಿ ಉರಿಯುತ್ತಿದ್ದ ಬೆಂಕಿ. ಅನ್ನದ ಮುಂದೆ ಕೂತಾಗಲೆಲ್ಲ ಅದನ್ನೇ ಹೇಳಿ ಕಣ್ಣೊರೆಸಿಕೊಂಡು ಎದ್ದುಬಿಡುತ್ತಿದ್ದಳು.

ಅವನು ಹಸಿದಿರಲಿಲ್ಲ ಕಣೆ, ಕಡಲೆಕಾಯಿ ತಿಂದು ನಗುತ್ತಿದ್ದ ಎಂದು ಹೇಳಲು ನಟರಾಜು ಬಾಯಿ ತೆರೆದ. ಆದರೆ ಹೇಳಿದರೆ, ಯಾರು ಹೇಳಿದರು ಎಂದು ಅವಳು ಕೇಳುತ್ತಾಳೆ. ಹೇಳಿದವಳ ಹೆಸರು ಬಂದರೆ ಆ ಮಾತನ್ನು ಅವಳು ನಂಬುವುದಿಲ್ಲ, ಮುಂದಿರುವ ತಟ್ಟೆಯನ್ನೂ ಮುಟ್ಟುವುದಿಲ್ಲ.

"ಸಾರಿಗೆ ಉಪ್ಪು ಸಾಕಾ?" ಎಂದು ಅವಳು ಕೇಳಿದಳು.

ಸಾಕು ಎಂದು ಅವನು ಮುದ್ದೆ ಮುರಿದ.